ದಾವಣಗೆರೆಗೆ ಎರಡು ಶಿಫ್ಟ್, ಚಿತ್ರದುರ್ಗಕ್ಕೆ ಎರಡು ಎಫ್

ಎಪಿಎಂಸಿ ಅಂಗಳದಲ್ಲಿ ನಿಂತು ಮೆಕ್ಕೆಜೋಳದ ಧಾರಣೆ ಬಗ್ಗೆ ಫೋನಿಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದೆ. ಸುತ್ತ ಹಮಾಲರ ಕೂಗು, ಲಾರಿ ಹಾರನ್ನು. ತಿರುಗಿ ಓದದೆ ಕಳಿಸಿದ್ದು ನನ್ನದೇ ತಪ್ಪು. ಸಂಜೆ ಡೆಸ್ಕಿನಿಂದ ಫೋನು: ‘ಏನ್ರೀ ಇದು, ಕ್ವಿಂಟಲ್‌ಗೆ ಏಯ್ ಪಕ್ಕಕ್ ಸರಿಯೋ ಅಂತ ಬರ್ದೀರಲ್ಲ, ಯಾವ ರೇಟಿದು?’

ನಾನು ಬಿಡಿ ವರದಿಗಾರ. ದಾವಣಗೆರೆಯಲ್ಲಿ ಮನೆ, ವಾರಕ್ಕೆ ಎರಡು ಮೂರು ದಿನ ಚಿತ್ರದುರ್ಗ, ನಡುವೆ ಹೊಳಲ್ಕೆರೆ, ಜಗಳೂರು. ಜಿಲ್ಲೆ 1997ರಲ್ಲಿ ಎರಡಾಗಿದ್ದರೂ ನನಗೆ ಬರುವ ಸುದ್ದಿ ಮಾತ್ರ ಎರಡೂ ಕಡೆಯದು. ಲ್ಯಾಪ್‌ಟಾಪ್ ಚಾರ್ಜರ್ ಸಮೇತ ಎರಡೂವರೆ ಕೆ.ಜಿ. ಬಸ್ಸಿನಲ್ಲಿ ಅದನ್ನು ತೊಡೆ ಮೇಲಿಟ್ಟುಕೊಂಡು ಕಾಯುವುದೇ ಒಂದು ಕೆಲಸ. ಹೆಬ್ಬೆರಳಲ್ಲಿ ಫೋನಿನ ಮೇಲೆ ಮುನ್ನೂರು ಪದ ಕುಟ್ಟಿದರೆ ಮರುದಿನ ಲೋಟ ಹಿಡಿಯುವಾಗಲೂ ನೋವು. ಬಾಯಲ್ಲಿ ಹೇಳಿದರೆ ಮೇಲಿನ ಕತೆ. ಹಾಗಾಗಿ ಮಡಚುವ ಕೀಬೋರ್ಡ್ ಹುಡುಕಲು ಹೊರಟೆ.

ಊರಿನ ನಾಲ್ಕಾರು ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದೆ. ‘ಮಡಚಾದ್ ಬರಲ್ಲಣ್ಣ, ಸುತ್ತಾದ್ ಐತಿ, ತಗಳ್ರಿ’ ಅಂತ ಒಬ್ಬ ಹುಡುಗ ಚಾಪೆಯ ಹಾಗೆ ಸುತ್ತಿಟ್ಟ ರಬ್ಬರ್ ಕೀಬೋರ್ಡ್ ಕೊಟ್ಟ. ಆರುನೂರು ರೂಪಾಯಿ. ಓಟಿಜಿ ಪಿನ್, ಅಂದರೆ ಯುಎಸ್‌ಬಿ ವೈರನ್ನು ಫೋನಿಗೆ ಕೂಡಿಸುವ ಪುಟ್ಟ ಪಿನ್ ಹಾಕಿ ಫೋನಿಗೆ ಸಿಕ್ಕಿಸಿದರೆ ಕೆಲಸವನ್ನೇನೋ ಮಾಡಿತು. ಆದರೆ ಒತ್ತಿದರೆ ಬಿಸಿ ಮುದ್ದೆಗೆ ಬೆರಳು ಹಾಕಿದಂತೆ. ಅಕ್ಷರ ಬಿತ್ತೋ ಇಲ್ಲವೋ ಬೆರಳಿಗೆ ತಿಳಿಯದು, ಪರದೆ ನೋಡಿಯೇ ನಂಬಬೇಕು. ಗಟ್ಟಿ ಮೇಜಿಲ್ಲದೆ ನಡೆಯುವುದೂ ಇಲ್ಲ. ಈಗ ಅದು ತಂಗಿಯ ಮಗನ ಆಟಿಕೆ.

ಆಮೇಲೆ ಗೆಳೆಯನೊಬ್ಬ ತನ್ನ ಎರಡು ಮಡಿಕೆಯ ಬ್ಲೂಟೂತ್ ಕೀಬೋರ್ಡನ್ನು ಒಂದು ವಾರಕ್ಕೆ ಕೊಟ್ಟ. ಪುಸ್ತಕದ ಹಾಗೆ ನಡುವೆ ಮುಚ್ಚುತ್ತದೆ. ಸೀಳು ಬಂದಿರುವುದು ಟಿ-ವೈ, ಜಿ-ಎಚ್, ಬಿ-ಎನ್ ಕೀಲಿಗಳ ನಡುವೆ. ನನಗೊಂದು ಹಳೇ ಚಾಳಿ: ಬಿ ಕೀಲಿಯನ್ನು ಬಲಗೈ ತೋರುಬೆರಳಿನಿಂದ ಒತ್ತುತ್ತೇನೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ‘ಎಎಸ್‌ಡಿಎಫ್‌ಜಿಎಫ್, ಸೆಮಿಕೋಲನ್ ಎಲ್‌ಕೆಜೆಎಚ್‌ಜೆ’ ಅಂತ ಹೊಡೆಸುತ್ತಿದ್ದ ಮೇಷ್ಟ್ರು ಇದಕ್ಕೇ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ತಟ್ಟುತ್ತಿದ್ದರು. ಚಾಳಿ ಹೋಗಿರಲಿಲ್ಲ. ಈ ಕೀಬೋರ್ಡಿನಲ್ಲಿ ಬಿ ಆಚೆ ದಡದಲ್ಲಿ, ಎಡಭಾಗದಲ್ಲಿ ಕೂತಿದೆ. ನನ್ನ ಬಲ ಬೆರಳು ಈಚೆ ದಡದ ಎನ್ ಮೇಲೆ ಬೀಳುತ್ತದೆ. ವಾರಪೂರ್ತಿ ನಮ್ಮೂರಿನ ಹೆಮ್ಮೆಯ ತಿಂಡಿ ‘ನೆಣ್ಣೆ ದೋಸೆ’ ಆಗಿಹೋಯಿತು.

ಇದಾದ ಮೇಲೆ ಸ್ವಂತ ದುಡ್ಡಿನಲ್ಲಿ ಮೂರು ಮಡಿಕೆಯದೊಂದನ್ನು ಆನ್‌ಲೈನಲ್ಲಿ ತರಿಸಿದೆ. ನಡುವಿನ ಹಲಗೆ ದೊಡ್ಡದು, ಎರಡು ಕಡೆ ರೆಕ್ಕೆ. ನೋಡಲು ಮುದ್ದಾಗಿತ್ತು. ಮೊದಲ ದಿನವೇ ‘ದಾವಣಗೆರೆ’ ಅಂತ ಹೊಡೆದರೆ ಈ ಸಾಲಿನಲ್ಲಿ ಬರೀ ‘ದ’ ಉಳಿಯಿತು, ಮೇಲಿನ ಸಾಲಿನ ಹೊಟ್ಟೆಯೊಳಗೆ ‘ಅವಣಗೆರೆ’ ಹೋಗಿ ಕೂತಿತು. ಇದ್ಯಾವ ದೆವ್ವ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಕಾರಣ ಸಣ್ಣದು. ಬಲಗಡೆಯ ಶಿಫ್ಟನ್ನು ಮೊಟಕು ಮಾಡಿ, ಅದರ ಜಾಗದಲ್ಲಿ ಮೇಲ್ಮುಖದ ಬಾಣದ ಕೀಲಿಯನ್ನು ತುರುಕಿದ್ದರು. ನನ್ನ ಕಿರುಬೆರಳು ಶಿಫ್ಟ್ ಅಂದುಕೊಂಡು ಬಾಣ ಒತ್ತುತ್ತಿತ್ತು. ಕರ್ಸರ್ ಮೇಲಿನ ಸಾಲಿಗೆ ಹಾರುತ್ತಿತ್ತು.

ಇಂಗ್ಲಿಷ್ ಬರೆಯುವವರಿಗೆ ಇದು ಅಷ್ಟು ಕಾಡದು. ವಾಕ್ಯದ ಮೊದಲಿಗೊಮ್ಮೆ, ಹೆಸರು ಬಂದಾಗೊಮ್ಮೆ ಶಿಫ್ಟ್ ಒತ್ತಿದರೆ ಮುಗಿಯಿತು. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿ ತಂತ್ರಾಂಶದಿಂದ ಮನೆಮಾತಾದದ್ದು. ಅದರಲ್ಲಿ ದೀರ್ಘ ಸ್ವರಕ್ಕೆಲ್ಲ ಶಿಫ್ಟ್ ಬೇಕು, ಮಹಾಪ್ರಾಣಕ್ಕೂ ಬೇಕು, ಣ, ಳ, ಶ ಮೂರಕ್ಕೂ ಬೇಕು. ಒತ್ತಕ್ಷರಕ್ಕೆ ಎಫ್. ಕೂತು ಎಣಿಸಿದೆ. ‘ದಾವಣಗೆರೆ’ಗೆ ಎಂಟು ಕೀಲಿ, ಅದರಲ್ಲಿ ಎರಡಕ್ಕೆ ಶಿಫ್ಟ್: ದೀರ್ಘದ ಎ ಎಡಗೈಯದು, ಆದ್ದರಿಂದ ಬಲ ಶಿಫ್ಟ್, ಣ ಬಲಗೈಯದು, ಆದ್ದರಿಂದ ಎಡ ಶಿಫ್ಟ್. ‘ಚಿತ್ರದುರ್ಗ’ಕ್ಕೆ ಹತ್ತು ಕೀಲಿ, ಒಂದೂ ಶಿಫ್ಟ್ ಇಲ್ಲ, ಆದರೆ ಎಫ್ ಎರಡು ಸಲ. ಇನ್ನೂ ಒಂದು ತಮಾಷೆ: ಆ ಹತ್ತರಲ್ಲಿ ಐ ಮತ್ತು ಯು ಬಿಟ್ಟರೆ ಉಳಿದ ಎಂಟೂ ಎಡಗೈಯದೇ. ಕೋಟೆ ಊರನ್ನು ನಾನು ಇಷ್ಟು ವರ್ಷ ಎಡಗೈಯಲ್ಲಿ ಬರೆಯುತ್ತಿದ್ದೆ ಅಂತ ಅವತ್ತು ಗೊತ್ತಾಯಿತು.

ಹಾಗಾಗಿ ನನ್ನ ಪರೀಕ್ಷೆಗೆ ಈ ಎರಡು ಊರೇ ಸಾಕು. ದಾವಣಗೆರೆ ಹೊಡೆದರೆ ಎರಡೂ ಶಿಫ್ಟಿನ ಹಣೆಬರಹ ತಿಳಿಯುತ್ತದೆ, ಚಿತ್ರದುರ್ಗ ಹೊಡೆದರೆ ಎಡ ಹಲಗೆಯದು. ಮಡಿಕೆಯ ಗೆರೆ ಎಫ್ ಪಕ್ಕದಲ್ಲೆಲ್ಲೋ ಹಾದುಹೋಗಿ ಕೀಲಿಗಳು ಅಂಕುಡೊಂಕಾಗಿದ್ದರೆ ‘ರ್ಗ’ ಬರುವಾಗಲೇ ಬೆರಳು ಎಡವುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಕಲಿತವರ ಲೆಕ್ಕ ಬೇರೆ; ಅಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ, ಒತ್ತಕ್ಷರಕ್ಕೆ ಡಿ ಕೀಲಿ. ಅವರು ತಮ್ಮ ಊರಿನ ಹೆಸರನ್ನೇ ಎಣಿಸಿ ನೋಡಲಿ.

ಆ ಕೀಬೋರ್ಡನ್ನು ವಾಪಸ್ ಕಳಿಸಿದೆ. ಮತ್ತೊಂದು ತರಿಸಿ ಮತ್ತೆ ವಾಪಸ್ ಮಾಡುವ ತಾಳ್ಮೆ ಇರಲಿಲ್ಲ. ಆಗ ಹೊಳೆದದ್ದು ಕಾಗದ. ಮಾರುವವರು ತೆರೆದಾಗಿನ ಉದ್ದವನ್ನು ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ, ನೇರ ಮೇಲಿನಿಂದ ತೆಗೆದ ಒಂದು ಫೋಟೋನೂ ಇರುತ್ತದೆ. ಆ ಫೋಟೋವನ್ನು ಕತ್ತರಿಸಿ, ಅಡ್ಡ ಎ4 ಹಾಳೆಯಲ್ಲಿ ಅಷ್ಟೇ ಉದ್ದಕ್ಕೆ ಎಳೆದು ಕೂರಿಸಿದೆ. ಎ4 ಉದ್ದ 297 ಮಿ.ಮೀ.; ಹೆಚ್ಚಿನ ಮಡಚುವ ಕೀಬೋರ್ಡ್ ಅದರೊಳಗೇ ಹಿಡಿಯುತ್ತವೆ. ಪೆನ್ ಡ್ರೈವ್ ಹಿಡಿದು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೆ ಹೋದೆ. ಮೊದಲ ಪ್ರಿಂಟು ಕುಗ್ಗಿ ಬಂತು. ‘ಫಿಟ್ ಟು ಪೇಜ್ ತೆಗೀಯಪ್ಪ, ಇದ್ದ ಸೈಜಿಗೇ ಬಿಡು’ ಅಂದೆ. ‘ಕೀಬೋರ್ಡ್ ಫೋಟೋ ಯಾಕ್ರೀ ಸಾರ್, ಮಗಂಗೆ ಪ್ರಾಜೆಕ್ಟಾ?’ ಅಂದ. ಹೌದು ಅಂದುಬಿಟ್ಟೆ. ವಿವರಿಸಲು ಹೋದರೆ ಹಿಂದೆ ನಿಂತವರೂ ಕೇಳುತ್ತಿದ್ದರು.

ಐದು ಮಾದರಿ, ಐದು ಹಾಳೆ. ರಟ್ಟಿಗೆ ಅಂಟಿಸಿ, ಊಟದ ಮೇಜಿನ ಮೇಲೆ ಇಟ್ಟು, ಕಣ್ಣು ಮುಚ್ಚಿಕೊಂಡು ಎರಡೂ ಊರುಗಳನ್ನು ಹೊಡೆದೆ. ಬೆರಳು ಬಿದ್ದ ಜಾಗದಲ್ಲೇ ನಿಲ್ಲಿಸಿ ಕಣ್ಣು ಬಿಟ್ಟು ನೋಡುವುದು. ಮನೆಯಲ್ಲಿ ‘ಏನ್ ಹಿಡಿದೈತೋ ಇವ್ರಿಗೆ’ ಅಂದದ್ದು ಕೇಳಿಸಿತು. ಸ್ಕೇಲನ್ನೂ ಇಟ್ಟು ಅಳೆದೆ: ಕ್ಯೂ ಕೀಲಿಯ ಎಡ ಅಂಚಿನಿಂದ ಪಿ ಕೀಲಿಯ ಬಲ ಅಂಚಿನವರೆಗೆ ಹತ್ತು ಕೀಲಿ. ಮನೆಯ ಮಾಮೂಲಿ ಕೀಬೋರ್ಡಿನಲ್ಲಿ ಅದು 19 ಸೆಂ.ಮೀ., ಅಂದರೆ ಒಂದೊಂದಕ್ಕೆ 19 ಮಿ.ಮೀ. ಹಾಳೆಗಳಲ್ಲಿ 16ರಿಂದ 18ರವರೆಗೆ ಬಂತು. ನನ್ನ ದಪ್ಪ ಬೆರಳಿಗೆ 17ಕ್ಕಿಂತ ಕೆಳಗೆ ಒಗ್ಗಲಿಲ್ಲ. ಐದರಲ್ಲಿ ಮೂರು ಶಿಫ್ಟಿನಲ್ಲಿ ಬಿದ್ದವು, ಒಂದು ಅಳತೆಯಲ್ಲಿ. ಉಳಿದದ್ದೊಂದೇ: ಮೂರು ಮಡಿಕೆ, ಉದ್ದನೆಯ ಬಲ ಶಿಫ್ಟ್, ಬಾಣಗಳೆಲ್ಲ ಕೆಳಸಾಲಿನಲ್ಲಿ. ನೋಡಲು ಐದರಲ್ಲೂ ಅದೇ ಪೆಚ್ಚು, ಬೂದು ಬಣ್ಣ. ಸಾವಿರದ ಎಂಟುನೂರು ಕೊಟ್ಟೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರೆ 190 ಗ್ರಾಂ.

ಜೋಡಿಸುವುದು ಕಷ್ಟವೇನಲ್ಲ. ರೆಕ್ಕೆ ಬಿಚ್ಚಿದರೆ ತಾನೇ ಆನ್ ಆಗುತ್ತದೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರು ಮುಟ್ಟಿ, ಕೇಳಿದ ಅಂಕಿ ಒತ್ತಿದರೆ ಆಯಿತು. ಕನ್ನಡ ಬರಿಸುವುದೇ ಕೆಲಸ. ‘ಇದಕ್ಕೆ ಕನ್ನಡ ಸಪೋರ್ಟ್ ಐತಾ’ ಅಂತ ಅಂಗಡಿಯವನನ್ನು ಕೇಳಿ ಪ್ರಯೋಜನವಿಲ್ಲ. ಕೀಬೋರ್ಡಿಗೆ ಯಾವ ಭಾಷೆಯೂ ಗೊತ್ತಿಲ್ಲ. ಇಂಥ ಜಾಗದ ಕೀಲಿ ಒತ್ತಿದರು ಅಂತ ಒಂದು ಸಂಖ್ಯೆಯನ್ನು ಕಳಿಸುತ್ತದೆ, ಅಷ್ಟೇ. ಅದನ್ನು ‘ಕ’ ಮಾಡುವುದೋ ‘ಕೆ’ ಮಾಡುವುದೋ ಫೋನಿಗೆ ಬಿಟ್ಟದ್ದು. ಪರದೆ ಮೇಲೆ ನಾನು ಬಳಸುತ್ತಿದ್ದ ಕನ್ನಡ ಆ್ಯಪ್, ಹೊರಗಿನ ಕೀಬೋರ್ಡ್ ಸಿಕ್ಕಿಸಿದ ಕೂಡಲೇ ಸುಮ್ಮನಾಗಿ ಇಂಗ್ಲಿಷ್ ಅಕ್ಷರ ಉದುರಿಸತೊಡಗಿತು. ಎರಡು ದಿನ ಪರದಾಡಿ, ಹೊರಗಿನ ಕೀಲಿಗಳಿಗೂ ನುಡಿ ವಿನ್ಯಾಸವನ್ನು ಅನ್ವಯಿಸುವ ಬೇರೊಂದು ಆ್ಯಪ್ ಹಾಕಿಕೊಂಡ ಮೇಲೆ ಸರಿಹೋಯಿತು. ಕೀಬೋರ್ಡ್ ಕೊಳ್ಳುವ ಮೊದಲೇ ಇದನ್ನು ಪರೀಕ್ಷಿಸಬಹುದು: ಯಾವುದಾದರೂ ಹಳೇ ಯುಎಸ್‌ಬಿ ಕೀಬೋರ್ಡನ್ನು ಓಟಿಜಿಯಲ್ಲಿ ಸಿಕ್ಕಿಸಿ ನೋಡಿದರೆ ಸಾಕು. ನಾನು ತಲೆಕೆಳಗಾಗಿ ಮಾಡಿದೆ.

ಬಸ್ಸಿನಲ್ಲಿ ಇದು ನಡೆಯುತ್ತದೆ ಅಂತ ನಂಬಿದ್ದೂ ಪೆದ್ದುತನ. ತೊಡೆ ಮೇಲಿಟ್ಟರೆ ನಡುವಿನ ಹಲಗೆ ಕೆಳಗೆ ಕುಸಿದು ರೆಕ್ಕೆಗಳೆರಡೂ ಮೇಲೇಳುತ್ತವೆ, ಹಾರಲು ಹೊರಟ ಕೋಳಿಯ ಹಾಗೆ. ಪರಿಹಾರ ಸ್ಟೇಷನರಿ ಅಂಗಡಿಯಲ್ಲಿತ್ತು: ಮಕ್ಕಳ ಎಕ್ಸಾಂ ಪ್ಯಾಡು. ಕೀಬೋರ್ಡನ್ನು ಅದರ ಮೇಲೆ ಎರಡು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು, ಫೋನನ್ನು ಕನ್ನಡಕದ ಡಬ್ಬಿಗೆ ಒರಗಿಸುತ್ತೇನೆ. ಹೆದ್ದಾರಿಯಲ್ಲಿ ಪರವಾಗಿಲ್ಲ. ಹಂಪು ಸಿಕ್ಕರೆ ಡಬ್ಬಿ, ಫೋನು ಎರಡೂ ಪಕ್ಕದವರ ಮಡಿಲಿಗೆ.

ಇಷ್ಟೆಲ್ಲ ಹುಡುಕುವಾಗ ರಾತ್ರಿ ಹನ್ನೆರಡರವರೆಗೆ ಬೇರೆ ಬೇರೆ ಕೀಬೋರ್ಡುಗಳ ಚಿತ್ರ, ವಿಡಿಯೋ ನೋಡುತ್ತ ಕೂರುವ ಗೀಳೂ ಅಂಟಿತು. ಕೊಳ್ಳುವ ಆಸೆಯಿಲ್ಲದೆ ಒಡವೆ ಅಂಗಡಿ ಗಾಜು ನೋಡುವ ಸುಖ. 1995ರ ಐಬಿಎಂ ಥಿಂಕ್‌ಪ್ಯಾಡ್ 701 ಎಂಬ ಲ್ಯಾಪ್‌ಟಾಪನ್ನು ಎಷ್ಟು ಸಲ ನೋಡಿದೆನೋ. ಜಾನ್ ಕರಿಡಿಸ್ ಎಂಬ ಎಂಜಿನಿಯರ್ ಕೀಬೋರ್ಡನ್ನು ಓರೆಯಾಗಿ ಎರಡು ತುಂಡು ಮಾಡಿದ್ದ. ಮುಚ್ಚಳ ಎತ್ತಿದರೆ ಎರಡೂ ತುಂಡು ಒಂದರ ಪಕ್ಕ ಒಂದು ಜಾರಿ ಬಂದು ಕೂಡಿಕೊಂಡು, ಯಂತ್ರಕ್ಕಿಂತ ಅಗಲವಾಗಿ ಎರಡೂ ಬದಿ ಹೊರಚಾಚುತ್ತವೆ. ಚಿಟ್ಟೆ ಕೀಬೋರ್ಡ್ ಅಂತಲೇ ಹೆಸರಾಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದನ್ನು ಇಟ್ಟಿದ್ದಾರೆ. 2015ರಲ್ಲಿ ಎಲ್‌ಜಿ ತಂದ ರೋಲಿ ಇನ್ನೊಂದು: ನಾಲ್ಕು ಸಾಲು ಕೀಲಿ, ಸಾಲು ಸಾಲಾಗಿ ಮಡಚಿ ಸುತ್ತಿದರೆ ಕೈಗೆ ಒಂದು ಕೋಲು. ಉದ್ದ ಕಡಿಮೆಯಾಗದು, ಅಗಲವೇ ಮಾಯ. ಎಡ-ಬಲ ಮಡಿಕೆಯೇ ಇಲ್ಲವಾದ್ದರಿಂದ ನನ್ನ ಬಿ ಕೀಲಿಯ ರಗಳೆ ಅಲ್ಲಿ ಹುಟ್ಟುವುದೇ ಇಲ್ಲ. ಇದು ಹೊಳೆದಾಗ ಎದ್ದು ಕೂತುಬಿಟ್ಟಿದ್ದೆ.

ಮೇಜಿನ ಮೇಲೆ ಕೆಂಪು ಬೆಳಕಿನಲ್ಲಿ ಕೀಲಿಗಳನ್ನು ಮೂಡಿಸುವ ಲೇಸರ್ ಕೀಬೋರ್ಡೂ ಇದೆ. ಕತ್ತಲಲ್ಲಿ ಅದ್ಭುತ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಆ ಬೆಳಕು ಎಲ್ಲಿ ಕಾಣಬೇಕು. ಅಲ್ಲದೆ ಬರೀ ಮೇಜನ್ನು ಕುಟ್ಟುವುದು, ಎಫ್ ಮತ್ತು ಜೆ ಮೇಲಿನ ಸಣ್ಣ ಉಬ್ಬು ಕೂಡ ಇಲ್ಲ.

ಕನ್ನಡಿಗನಾಗಿ ನನ್ನ ಹೊಟ್ಟೆ ಉರಿಸಿದ್ದು ಆಪ್ಟಿಮಸ್ ಮ್ಯಾಕ್ಸಿಮಸ್. ಮಾಸ್ಕೋದ ಆರ್ಟೆಮಿ ಲೆಬೆಡೆವ್ ಸ್ಟುಡಿಯೋ 2005ರಲ್ಲಿ ಚಿತ್ರ ತೋರಿಸಿ, 2008ರಲ್ಲಿ ಮಾರಾಟಕ್ಕೆ ತಂದದ್ದು. ಪ್ರತಿ ಕೀಲಿಯೊಳಗೂ ಒಂದು ಪುಟ್ಟ ಬಣ್ಣದ ಪರದೆ. ಭಾಷೆ ಬದಲಿಸಿದರೆ ಕೀಲಿಗಳ ಮೇಲಿನ ಅಕ್ಷರವೇ ಬದಲು. ಅಂದರೆ ಕ ಇದ್ದ ಜಾಗದಲ್ಲಿ ಶಿಫ್ಟ್ ಒತ್ತಿದೊಡನೆ ಖ ಮೂಡುವಂತೆ ಮಾಡಬಹುದು! ಇಂಗ್ಲಿಷ್ ಕೀಲಿಗೆ ಕನ್ನಡದ ಸ್ಟಿಕ್ಕರ್ ಅಂಟಿಸಿ, ಬೆವರಿಗೆ ಅದು ಕಿತ್ತುಬಂದು, ಣ ಎಲ್ಲಿ ಅಂತ ಹುಡುಕಿದವರಿಗೆ ಇದರ ಬೆಲೆ ಗೊತ್ತು. ನಿಜವಾದ ಬೆಲೆ ಒಂದೂವರೆ ಸಾವಿರ ಡಾಲರ್ ದಾಟಿತ್ತು. ಒಂದೊಂದು ಪರದೆ 48×48 ಚುಕ್ಕಿ. ಬಿಡಿ ಅಕ್ಷರಕ್ಕೆ ಧಾರಾಳವಾಯಿತು.

ಇವೆಲ್ಲಕ್ಕಿಂತ ಹಳೆಯದೊಂದು ನನಗೆ ಹೆಚ್ಚು ಮುಂದಿನ ಕಾಲದ್ದಾಗಿ ಕಂಡಿತು. 1968ರ ಡಿಸೆಂಬರಿನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ಜನರ ಮುಂದೆ ತೋರಿಸಿದಾಗ ಆತನ ಎಡಗೈ ಕೆಳಗೆ ಐದೇ ಕೀಲಿಯ ಒಂದು ಪೆಟ್ಟಿಗೆ ಇತ್ತು. ಹಾರ್ಮೋನಿಯಂ ಮನೆಗಳನ್ನು ಒಟ್ಟಿಗೆ ಒತ್ತಿದಂತೆ ಕೀಲಿಗಳನ್ನು ಕೂಡಿಸಿ ಒತ್ತಿದರೆ ಅಕ್ಷರ. ಕನ್ನಡಕ್ಕೆ ಇದಲ್ಲವೇ ಸರಿ ಅನ್ನಿಸಿತು. ನಾವು ‘ರ್ಗ’ವನ್ನು ಮೂರು ತುಂಡಾಗಿ ಹೇಳುವುದಿಲ್ಲ, ಬರೆಯುವಾಗಲೂ ಒಂದೇ ಅಕ್ಷರ. ಬೆರಳೂ ಅದನ್ನು ಒಂದೇ ಏಟಿಗೆ ಒತ್ತಬಾರದೇಕೆ? ಲೆಕ್ಕ ಹಾಕಿದೆ: ಐದು ಕೀಲಿಯಿಂದ 31 ಜೋಡಣೆ ಸಾಧ್ಯ. ನಮ್ಮ ವ್ಯಂಜನಗಳೇ 34. ಮೂರು ಕಡಿಮೆ ಬಿತ್ತು. ಙ, ಞ ಬಿಟ್ಟರೂ ಒಂದು ಬೇಕು. ಯಾವುದನ್ನು ಬಿಡಲಿ ಅಂತ ಯೋಚಿಸುತ್ತ ಮಲಗಿದ ರಾತ್ರಿಗಳಿವೆ.

ಬೂದು ಕೀಬೋರ್ಡಿಗೆ ಈಗ ಒಂದೂವರೆ ವರ್ಷ. ಮೂರು ವಾರಕ್ಕೊಮ್ಮೆ ಚಾರ್ಜು. ಚಿತ್ರದುರ್ಗದ ಸಭೆಯ ಸುದ್ದಿ ಸಭೆ ಮುಗಿಯುವ ಮೊದಲೇ ಡೆಸ್ಕಿಗೆ ಹೋಗಿರುತ್ತದೆ. ಕಳೆದ ತಿಂಗಳಿಂದ ಬಲ ರೆಕ್ಕೆಯ ಪಿ ಕೀಲಿ ಆಗಾಗ ಮುಷ್ಕರ ಹೂಡುತ್ತಿದೆ. ರೆಕ್ಕೆಯನ್ನು ಅರ್ಧ ಮಡಚಿ ಬಿಚ್ಚಿದರೆ ಮತ್ತೆ ಬರುತ್ತದೆ. ಮಡಿಕೆಯೊಳಗಿನ ಪಟ್ಟಿ ವೈರು ಸವೆದಿರಬೇಕು. ರಿಪೇರಿಯವನು ಬಿಚ್ಚಿ ನೋಡಿ, ‘ಇದ್ರ ಪಟ್ಟಿ ಎಲ್ಲೂ ಸಿಗಲ್ಲ ಸಾರ್, ಇರೋತನಕ ಓಡ್ಸಿ’ ಅಂತ ಮುಚ್ಚಿ ಕೊಟ್ಟ. ನಿನ್ನೆ ಮತ್ತೆ ಪೆನ್ ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ‘ಮಗನ ಪ್ರಾಜೆಕ್ಟ್ ಇನ್ನೂ ಮುಗೀಲಿಲ್ವಾ ಸಾರ್?’ ಅನ್ನುತ್ತ ಅವನೇ ಫಿಟ್ ಟು ಪೇಜ್ ತೆಗೆದ.