ತೂಕದ ಕೀಗಳ ಡಿಜಿಟಲ್ ಪಿಯಾನೊ: ಕೊಳ್ಳುವ ಮುನ್ನ ಬೆರಳಿಟ್ಟು ನೋಡುವುದು ಹೇಗೆ?

ಮಗುವನ್ನು ಪಿಯಾನೊ ತರಗತಿಗೆ ಸೇರಿಸುವುದು, ಮನೆಗೆ ಮಾತ್ರ 61 ಕೀಗಳ ಕೀಬೋರ್ಡ್ ತರುವುದು. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಮನೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯ ಮೇಲೆ ‘ಟಚ್ ಸೆನ್ಸಿಟಿವ್’, ‘ಪಿಯಾನೊ ಸ್ಟೈಲ್ ಕೀಸ್’ ಎಂದು ಅಚ್ಚಾಗಿರುತ್ತದೆ. ಓದಿದವರು ಅದನ್ನೇ ತೂಕದ ಕೀ, ಎಂದರೆ ನಿಜವಾದ ಪಿಯಾನೊದಂತೆ ಬೆರಳಿಗೆ ಭಾರ ತಟ್ಟುವ ಕೀ, ಎಂದುಕೊಳ್ಳುತ್ತಾರೆ. ಟಚ್ ಸೆನ್ಸಿಟಿವ್ ಎಂದರೆ ಜೋರಾಗಿ ಒತ್ತಿದರೆ ಜೋರು ಸದ್ದು, ಮೆಲ್ಲಗೆ ಒತ್ತಿದರೆ ಮೆಲ್ಲನೆ ಸದ್ದು, ಅಷ್ಟೆ. ಕೀ ಒಳಗೆ ಏನಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ನಿಜವಾದ ಪಿಯಾನೊದಲ್ಲಿ ಕೀಯನ್ನು ಒತ್ತಿದಾಗ ಬೆರಳು ಒಂದು ಸುತ್ತಿಗೆಯನ್ನು ತಂತಿಯತ್ತ ಎಸೆಯುತ್ತದೆ. ಆ ಸುತ್ತಿಗೆಯ ಭಾರವೇ ಬೆರಳಿಗೆ ತಟ್ಟುವ ತೂಕ. ಒಳ್ಳೆಯ ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲದಿದ್ದರೂ ಪ್ರತಿ ಕೀಗೂ ಸುತ್ತಿಗೆಯಂಥ ಒಂದು ಭಾರವಾದ ಕೋಲು ಜೋಡಿಸಿರುತ್ತಾರೆ. ಅಗ್ಗದ ಕೀಬೋರ್ಡಿನಲ್ಲಿ ಇರುವುದು ಬರೀ ಸ್ಪ್ರಿಂಗ್. ಸ್ಪ್ರಿಂಗ್ ಬೆರಳನ್ನು ತಾನೇ ಮೇಲಕ್ಕೆ ತಳ್ಳುವುದರಿಂದ ಸದ್ದನ್ನು ಹದ್ದಿನಲ್ಲಿಡುವ ಕೆಲಸ ಬೆರಳಿಗೆ ಬರುವುದೇ ಇಲ್ಲ. ಎರಡು ವರ್ಷ ಅದರಲ್ಲಿ ಕಲಿತ ಮಗುವನ್ನು ಪರೀಕ್ಷಾ ಕೊಠಡಿಯ ಪಿಯಾನೊ ಮುಂದೆ ಕೂರಿಸಿದರೆ ಅರ್ಧ ಸ್ವರಗಳು ಕೇಳಿಸುವುದೇ ಇಲ್ಲ. ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ಸಂಗೀತ ಪರೀಕ್ಷೆಗಳಲ್ಲಿ ಪಿಯಾನೊ ಒಂದು ವಿಷಯ, ಎಲೆಕ್ಟ್ರಾನಿಕ್ ಕೀಬೋರ್ಡ್ ಇನ್ನೊಂದು ವಿಷಯ, ಪಠ್ಯಕ್ರಮವೂ ಬೇರೆ. ಮಗು ಯಾವುದನ್ನು ಕಲಿಯುತ್ತಿದೆ ಎಂದು ಟೀಚರನ್ನು ಮೊದಲು ಕೇಳಿಕೊಳ್ಳಿ. ಚರ್ಚಿನ ಗಾಯನ ತಂಡಕ್ಕೆ ಜೊತೆ ನುಡಿಸುವುದು, ರಿದಂ ಹಾಕಿ ಸಿನಿಮಾ ಹಾಡು ಬಾರಿಸುವುದೇ ಗುರಿಯಾಗಿದ್ದರೆ 61 ಕೀಗಳ ಕೀಬೋರ್ಡ್ ತಪ್ಪಲ್ಲ. ಪಿಯಾನೊ ಕಲಿಯುವವರಿಗೆ ಅದು ಬೇಡ.

ತಂತಿಯ ಹಳೇ ಪಿಯಾನೊ ಅಗ್ಗಕ್ಕೆ ಸಿಕ್ಕರೆ? ಕೊಡಗಿನ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ತಂತಿಗೆ ತುಕ್ಕು ಹತ್ತುತ್ತದೆ, ಶ್ರುತಿ ಜಾರುತ್ತದೆ. ಶ್ರುತಿ ಕೂಡಿಸುವವರನ್ನು ಹೊರಗಿನಿಂದ ಕರೆಸಬೇಕು. ಕಲಿಯುವವರ ಮನೆಗೆ ಡಿಜಿಟಲ್ ಪಿಯಾನೊವೇ ಸರಿ.

1. ಪಟ್ಟಿ ಮಾಡಿಕೊಳ್ಳಿ

88 ಕೀ, ಹ್ಯಾಮರ್ ಆಕ್ಷನ್ (ಸುತ್ತಿಗೆಯ ಭಾರವಿರುವ ಕೀ). ಈ ಎರಡರಲ್ಲಿ ಒಂದಿಲ್ಲದಿದ್ದರೂ ಪಟ್ಟಿಯಿಂದ ಹೊಡೆದುಹಾಕಿ. ವಿವರಪಟ್ಟಿಯಲ್ಲಿ ‘ಹ್ಯಾಮರ್’ ಎಂಬ ಪದಕ್ಕಾಗಿಯೇ ಕಣ್ಣಾಡಿಸಿ. ಯಮಹಾದವರು ‘ಗ್ರೇಡೆಡ್ ಹ್ಯಾಮರ್’ ಎನ್ನುತ್ತಾರೆ, ಕ್ಯಾಸಿಯೊದವರು ‘ಸ್ಕೇಲ್ಡ್ ಹ್ಯಾಮರ್ ಆಕ್ಷನ್’, ಕವಾಯಿಯವರು ‘ರೆಸ್ಪಾನ್ಸಿವ್ ಹ್ಯಾಮರ್’. ರೋಲ್ಯಾಂಡ್‌ನಲ್ಲಿ ‘ಪಿಎಚ್‌ಎ-4’ ಎಂದಿರುತ್ತದೆ, ಅದರ ‘ಎಚ್’ ಎಂದರೆ ಹ್ಯಾಮರ್. ‘ಸೆಮಿ ವೆಯ್ಟೆಡ್’ ಎಂದಿದ್ದರೆ ಅದು ಸ್ಪ್ರಿಂಗ್ ಕೀ, ಜೊತೆಗೆ ಸ್ವಲ್ಪ ಭಾರ ಸೇರಿಸಿರುತ್ತಾರೆ; ಬೇಡ. ಒಳ್ಳೆಯ ಕಂಪನಿಯ ಹೆಸರಿದ್ದ ಮಾತ್ರಕ್ಕೂ ನಂಬಬೇಡಿ. ಯಮಹಾದ್ದೇ ಎನ್‌ಪಿ-35 ಹಗುರ, ನೋಡಲು ಚೆಂದ, ಆದರೆ 76 ಕೀ ಮಾತ್ರ, ಹ್ಯಾಮರ್ ಇಲ್ಲ.

ಕಲಿಯುವವರ ದರ್ಜೆಯಲ್ಲಿ ಯಮಹಾ ಪಿ-145, ರೋಲ್ಯಾಂಡ್ ಎಫ್‌ಪಿ-10, ಕ್ಯಾಸಿಯೊ ಸಿಡಿಪಿ-ಎಸ್110, ಕಾರ್ಗ್ ಬಿ2 ನೋಡಬಹುದು. ಬೆಲೆ ಸಾಮಾನ್ಯವಾಗಿ 35ರಿಂದ 60 ಸಾವಿರ ರೂಪಾಯಿಯ ಆಸುಪಾಸು. ತೂಕ 10ರಿಂದ 12 ಕಿಲೊ. 5 ಕಿಲೊ ತೂಗುವ ‘88 ಕೀ ವೆಯ್ಟೆಡ್ ಪಿಯಾನೊ’ವನ್ನು ಆನ್‌ಲೈನಿನಲ್ಲಿ ಕಂಡರೆ ಮುಂದಕ್ಕೆ ಸರಿಸಿ, 88 ಸುತ್ತಿಗೆಗಳು ಅಷ್ಟು ಹಗುರಕ್ಕೆ ಬರುವುದಿಲ್ಲ. ಮಡಚುವ ಪಿಯಾನೊ, ಚಾಪೆಯಂತೆ ಸುತ್ತಿಡುವ ರಬ್ಬರ್ ಪಿಯಾನೊಗಳ ಹತ್ತಿರವೂ ಹೋಗಬೇಡಿ.

600 ಬಗೆಯ ವಾದ್ಯದ ಸದ್ದು, 200 ರಿದಂ ಇವೆ ಎಂದು ಅಂಗಡಿಯವರು ಹೇಳಿದರೆ ಕೇಳಿಸಿಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಡಿ. ಒಂದು ಒಳ್ಳೆಯ ಪಿಯಾನೊ ಸದ್ದು ಸಾಕು. ಒಂದೇ ಹೊತ್ತಿಗೆ ಎಷ್ಟು ಸ್ವರ ಹೊರಡುತ್ತದೆ ಎಂಬ ಪಾಲಿಫೊನಿ ಲೆಕ್ಕ 64 ಇದ್ದರೂ ಮೊದಲ ಕೆಲವು ವರ್ಷ ಅಡ್ಡಿಯಿಲ್ಲ.

2. ಅಂಗಡಿಯಲ್ಲಿ ಬೆರಳಿನ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯವರು ಡೆಮೊ ಹಾಡು ಹಾಕುತ್ತಾರೆ, ಕೊಳ್ಳುವವರು ಸದ್ದು ಇಂಪಾಗಿದೆ ಎಂದು ಬಿಲ್ ಮಾಡಿಸುತ್ತಾರೆ. ಕೀ ಮೇಲೆ ಬೆರಳೇ ಇಟ್ಟಿರುವುದಿಲ್ಲ. ದೊಡ್ಡ ಅಂಗಡಿಗಳಿಗಾಗಿ ಮೈಸೂರಿಗೋ ಮಂಗಳೂರಿಗೋ ಇಳಿಯಬೇಕು ನಿಜ. ಹಾಗೆಂದೇ ಒಂದು ಬೆಳಗ್ಗೆ ಪೂರ್ತಿ ಇದಕ್ಕೆ ಇಟ್ಟುಕೊಳ್ಳಿ, ಕಲಿಯುವವರನ್ನೂ ಕರೆದೊಯ್ಯಿರಿ. ಜೇಬಿನಲ್ಲಿ ಹತ್ತು ರೂಪಾಯಿಯ 12 ನಾಣ್ಯಗಳಿರಲಿ.

ಮೊದಲು ಟಚ್ ಸೆಟ್ಟಿಂಗನ್ನು ‘ಮೀಡಿಯಂ’ಗೆ ತರಿಸಿ. ಅಂಗಡಿಯಲ್ಲಿ ತೋರಿಸಲು ಇಟ್ಟ ಪಿಯಾನೊಗಳಲ್ಲಿ ಅದು ‘ಲೈಟ್’ನಲ್ಲೋ ‘ಆಫ್’ನಲ್ಲೋ ಇರಬಹುದು, ಆಗ ಎಲ್ಲ ಪರೀಕ್ಷೆಯೂ ದಾರಿ ತಪ್ಪುತ್ತದೆ. ಈ ಸೆಟ್ಟಿಂಗ್ ಬದಲಿಸಿದರೆ ಕೀ ಹಗುರವಾಗುವುದಿಲ್ಲ ಎಂಬುದೂ ಗೊತ್ತಿರಲಿ. ಸದ್ದಿನ ಏರಿಳಿತ ಮಾತ್ರ ಬದಲಾಗುತ್ತದೆ, ಒಳಗಿನ ಭಾರ ಇದ್ದಷ್ಟೇ ಇರುತ್ತದೆ.

ಈಗ ನಾಣ್ಯಗಳು. ಹತ್ತು ರೂಪಾಯಿಯ ಒಂದು ನಾಣ್ಯ ಸುಮಾರು 7.7 ಗ್ರಾಂ. ನಡುವಿನ ‘ಸಿ’ ಕೀಯ (ನಟ್ಟನಡುವೆ, ಜೋಡಿ ಕಪ್ಪು ಕೀಗಳ ಎಡಕ್ಕಿರುವ ಬಿಳಿ ಕೀ) ಮುಂತುದಿಯಲ್ಲಿ ಒಂದರ ಮೇಲೊಂದು ಮೆಲ್ಲಗೆ ಪೇರಿಸಿ. ಜಾರುತ್ತಿದ್ದರೆ ಎರಡೆರಡಕ್ಕೆ ಸೆಲ್ಲೊಟೇಪ್ ಸುತ್ತಿ. ತಂತಿಯ ಪಿಯಾನೊದಲ್ಲಿ ಈ ಕೀ ಇಳಿಯಲು 50 ಗ್ರಾಂ ಆಸುಪಾಸು ಬೇಕು, ಎಂದರೆ 6–7 ನಾಣ್ಯ. ಡಿಜಿಟಲ್‌ನಲ್ಲಿ ಒಂದೆರಡು ಹೆಚ್ಚು ಹಿಡಿದರೂ ಸರಿ. ಎಷ್ಟಕ್ಕೆ ಇಳಿಯಿತು ಎನ್ನುವುದಕ್ಕಿಂತ ಹೇಗೆ ಇಳಿಯಿತು ಎಂದು ನೋಡಿ. ಸುತ್ತಿಗೆ ಇರುವ ಕೀ ತುಸು ತಡೆದು, ಒಮ್ಮೆ ಹೊರಟರೆ ಬಹುಮಟ್ಟಿಗೆ ತಳದವರೆಗೂ ಹೋಗುತ್ತದೆ. ಸ್ಪ್ರಿಂಗ್ ಕೀ ಹಾಗಲ್ಲ. ಮೂರು ನಾಣ್ಯಕ್ಕೆ ಸ್ವಲ್ಪ ತಗ್ಗುತ್ತದೆ, ಐದಕ್ಕೆ ಇನ್ನಷ್ಟು ತಗ್ಗಿ ನಡುವೆಯೇ ನಿಲ್ಲುತ್ತದೆ. ಒತ್ತಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಸುತ್ತಿಗೆಯ ಭಾರ ಹಾಗೆ ಹೆಚ್ಚಾಗುವುದಿಲ್ಲ, ಅದೇ ಕಾರಣ. ಬರೀ ಬೆರಳಿನಲ್ಲಿ ಒತ್ತಿದರೆ ಗಟ್ಟಿ ಸ್ಪ್ರಿಂಗೂ ತೂಕದ ಕೀಯಂತೆಯೇ ಅನ್ನಿಸಿ ಮೋಸ ಮಾಡುತ್ತದೆ. ನಾಣ್ಯ ಮೋಸ ಮಾಡುವುದಿಲ್ಲ.

ಇದನ್ನೇ ಎಡತುದಿಯ ಕೀಗೂ ಬಲತುದಿಯ ಕೀಗೂ ಮಾಡಿ. ಎಡಕ್ಕೆ ಒಂದೆರಡು ನಾಣ್ಯ ಹೆಚ್ಚು, ಬಲಕ್ಕೆ ಕಡಿಮೆ ಬೇಕಾದರೆ ಅದು ಗ್ರೇಡೆಡ್. ತಗ್ಗು ಸ್ವರಗಳ ಸುತ್ತಿಗೆ ದೊಡ್ಡದು, ಏರು ಸ್ವರಗಳದು ಚಿಕ್ಕದು. ಎಡಗೈ ಬಲಗೈಗಳಿಗೆ ಆ ಅಂತರ ಮೊದಲ ದಿನದಿಂದಲೇ ರೂಢಿಯಾಗಬೇಕು.

ಆಮೇಲೆ ನಾಣ್ಯ ತೆಗೆದಿಟ್ಟು ಬಿಳಿ ಕೀಯನ್ನು ಒಳಭಾಗದಲ್ಲಿ, ಎರಡು ಕಪ್ಪು ಕೀಗಳ ನಡುವೆ, ಒಳತುದಿಯಿಂದ 2–3 ಸೆಂಟಿಮೀಟರ್ ಈಚೆಗೆ ಒತ್ತಿ. ಮುಂತುದಿಗಿಂತ ಬಿಗಿ ಇರುವುದು ಸಹಜ. ಬೆರಳು ನೋಯುವಷ್ಟು ಬಿಗಿ ಇದ್ದರೆ ಒಳಗೆ ಕೀಯ ತಿರುಗುಮೊನೆ ತೀರಾ ಹತ್ತಿರದಲ್ಲಿದೆ ಎಂದರ್ಥ. ಕಪ್ಪು ಕೀ ಹೆಚ್ಚಿರುವ ಸ್ಕೇಲ್‌ಗಳಲ್ಲಿ (ಸ್ವರಶ್ರೇಣಿಗಳಲ್ಲಿ) ಹೆಬ್ಬೆರಳು ಅಲ್ಲಿಗೇ ಹೋಗಬೇಕು, ಮಗು ತಡವರಿಸುತ್ತದೆ. ತೀರಾ ತೆಳ್ಳಗಿನ ಮಾದರಿಗಳಲ್ಲಿ ಇದನ್ನು ತಪ್ಪದೆ ನೋಡಿ.

ಮುಂದಿನದು ಮೆಲುದನಿ. ಒಂದು ಕೀಯನ್ನು ಆದಷ್ಟೂ ನಿಧಾನಕ್ಕೆ ಇಳಿಸಿ, ಸದ್ದೇ ಬರಬಾರದು. ತುಸು ವೇಗಕ್ಕೆ ಪಿಸುಗುಟ್ಟುವಷ್ಟು ಬರಬೇಕು. ಅಲ್ಲಿಂದ ಜೋರಿನವರೆಗೆ ಹತ್ತು ಸಲ ಏರಿಸುತ್ತ ಹೋಗಿ. ಮೆಟ್ಟಿಲು ಮೆಟ್ಟಿಲಾಗಿ ಮೂರ್ನಾಲ್ಕೇ ಹಂತ ಕೇಳಿದರೆ ಬಿಟ್ಟುಬಿಡಿ.

ಕೀಯನ್ನು ಪೂರ್ತಿ ಬಿಡದೆ ಅರ್ಧಕ್ಕೆ ಎತ್ತಿ ಮತ್ತೆ ಒತ್ತಿ. ಕೀಯ ಚಲನೆ ಗುರುತಿಸುವ ಸೆನ್ಸರ್ ಪ್ರತಿ ಕೀಗೆ ಮೂರು ಇರುವ ಎಫ್‌ಪಿ-10ರಂಥವುಗಳಲ್ಲಿ ಎರಡನೇ ಸ್ವರವೂ ಸರಿಯಾಗಿ ಬರುತ್ತದೆ. ಎರಡು ಸೆನ್ಸರ್ ಇದ್ದರೆ ಕೆಲವೊಮ್ಮೆ ತಪ್ಪುತ್ತದೆ. ಆರಂಭದ ವರ್ಷಗಳಿಗೆ ಎರಡೇ ಸಾಕು, ಆದರೆ ದುಡ್ಡು ಹೊಂದುವುದಾದರೆ ಎಫ್‌ಪಿ-10 ಕೊಳ್ಳಿ. ಈ ಬೆಲೆಗೆ ಬೆರಳಿಗೆ ಸಿಗುವ ಒಳ್ಳೆಯ ಕೀ ಅದರದ್ದು. ಸ್ಪೀಕರ್ ಸಾಧಾರಣವಾದರೆ ಹೆಡ್‌ಫೋನ್ ಹಾಕಿಕೊಳ್ಳಬಹುದು, ಕೀ ಸಾಧಾರಣವಾದರೆ ದಾರಿಯಿಲ್ಲ.

ಕೊನೆಗೆ ವಾಲ್ಯೂಮ್ ಸೊನ್ನೆಗೆ ಇಳಿಸಿ 88 ಕೀಗಳನ್ನೂ ಒಂದೊಂದಾಗಿ ಬಾರಿಸಿ. ಎಲ್ಲದರಲ್ಲೂ ಒಂದೇ ಬಗೆಯ ಮಂದ ‘ದಬ್’ ಸದ್ದು ಇರಬೇಕು. ಯಾವುದೋ ಒಂದು ಮಾತ್ರ ‘ಟಕ್’ ಎಂದರೆ ಒಳಗಿನ ಫೆಲ್ಟ್ (ಮೆತ್ತನೆಯ ಬಟ್ಟೆ ಪಟ್ಟಿ) ಸವೆದಿದೆ, ಇಲ್ಲವೇ ಸರಿದಿದೆ. ಹಳೆಯದನ್ನು ಕೊಳ್ಳುವವರಿಗೆ ಇದೇ ಮುಖ್ಯ ಪರೀಕ್ಷೆ. ಜೊತೆಗೆ ವಾಲ್ಯೂಮ್ ಏರಿಸಿ ಪ್ರತಿ ಕೀಯನ್ನೂ ಮೆಲ್ಲಗೆ ಒತ್ತಿ. ಒಂದು ಕೀ ತಟ್ಟನೆ ಕಿರುಚಿದರೆ ಅಥವಾ ಮೂಕವಾಗಿದ್ದರೆ ಕೆಳಗಿನ ರಬ್ಬರ್ ಕಾಂಟ್ಯಾಕ್ಟಿಗೆ ದೂಳೋ ತೇವವೋ ಸೇರಿದೆ. ಒಂದೆರಡಾದರೆ ತೆರೆದು ಸ್ವಚ್ಛ ಮಾಡಿಸಬಹುದು. ಹತ್ತಾರು ಹಾಗಿದ್ದರೆ ಎಷ್ಟು ಅಗ್ಗವಾದರೂ ಬೇಡ.

‘ತೂಕದ ಕೀ ಮಗುವಿನ ಬೆರಳಿಗೆ ಭಾರವಾದೀತು’ ಎಂದು ಹಿಂಜರಿಯಬೇಡಿ. ಏಳು ವರ್ಷದ ಮಕ್ಕಳಿಗೂ ತಂತಿಯ ಪಿಯಾನೊದಲ್ಲಿ ಬೇರೆ ಹಗುರ ಕೀ ಇರುವುದಿಲ್ಲ. ದಿನಕ್ಕೆ 15 ನಿಮಿಷದಿಂದ ಶುರು ಮಾಡಿದರಾಯಿತು.

3. ಪೆಡಲ್, ಸ್ಟ್ಯಾಂಡ್, ಹೆಡ್‌ಫೋನ್

ಪೆಟ್ಟಿಗೆಯೊಳಗೆ ಬರುವ ಚಪ್ಪಟೆ ಚೌಕದ ಪೆಡಲ್ ಕಾಲಡಿ ಜಾರುತ್ತದೆ. ಪಿಯಾನೊ ಆಕಾರದ, ಅಡಿಗೆ ರಬ್ಬರ್ ಇರುವ ಪೆಡಲ್ ಕೊಳ್ಳಿ. ಒತ್ತಿದಾಗ ಸ್ವರವನ್ನು ಉಳಿಸುವುದು ಪೆಡಲಿನ ಕೆಲಸ. ಬಿಟ್ಟಾಗ ಸ್ವರ ಉಳಿದು, ಒತ್ತಿದಾಗ ನಿಂತರೆ ಪೆಡಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪೋಲಾರಿಟಿ (ಪೆಡಲಿನ ಆನ್–ಆಫ್ ದಿಕ್ಕು) ಉಲ್ಟಾ ಆಗಿರುತ್ತದೆ, ಅಥವಾ ಸ್ವಿಚ್ ಹಾಕುವಾಗ ಕಾಲು ಪೆಡಲ್ ಮೇಲಿತ್ತು. ಕಾಲು ತೆಗೆದು ಆಫ್ ಮಾಡಿ ಆನ್ ಮಾಡಿ. ಸರಿಹೋಗದಿದ್ದರೆ, ಪೆಡಲ್ ಅಡಿಗೆ ಚಿಕ್ಕ ಸ್ವಿಚ್ ಇದ್ದರೆ ಅದನ್ನು ಸರಿಸಿ.

‘ಎಕ್ಸ್’ ಆಕಾರದ ಸ್ಟ್ಯಾಂಡ್ ಬೇಡ, ಅಲುಗಾಡುತ್ತದೆ, ಮೊಣಕಾಲಿಗೂ ತಾಗುತ್ತದೆ. ‘ಝಡ್’ ಆಕಾರದ್ದು ಅಥವಾ ಗಟ್ಟಿ ಮೇಜು ತನ್ನಿ. ಕೀಯ ಮೇಲ್ಮೈ ನೆಲದಿಂದ 72–73 ಸೆಂಟಿಮೀಟರ್ ಇರಲಿ. ಊಟದ ಮೇಜಿನ ಮೇಲಿಟ್ಟರೆ ಎತ್ತರ ಮೀರಿ ಭುಜ ಮೇಲೇರುತ್ತದೆ. ಹಲಗೆ ನೆಲದ ಹಳೇ ಮನೆಗಳಲ್ಲಿ ಹೆಡ್‌ಫೋನ್ ಹಾಕಿದರೂ ಸುತ್ತಿಗೆಯ ‘ದಬ್ ದಬ್’ ಕೆಳಗಿನ ಕೋಣೆಗೆ ಇಳಿಯುತ್ತದೆ, ಸ್ಟ್ಯಾಂಡಿನ ಕಾಲಿಗೆ ದಪ್ಪ ರಬ್ಬರ್ ಚಾಪೆ ಹಾಕಿ. ಹೆಡ್‌ಫೋನ್ ವೈರಿನದ್ದೇ ಆಗಬೇಕು. ಬ್ಲೂಟೂತ್‌ನಲ್ಲಿ ಬೆರಳು ಒತ್ತಿದ ಮೇಲೆ ಸದ್ದು ತಡವಾಗಿ ಬಂದು ತಾಳ ಕೆಡುತ್ತದೆ.

4. ತರುವುದು, ಕರೆಂಟು, ಮಳೆ

ಕೊಡಗಿಗೆ ರೈಲಿಲ್ಲ, ಪೆಟ್ಟಿಗೆ ಲಾರಿಯಲ್ಲೋ ಕಾರಿನಲ್ಲೋ ಬರಬೇಕು. ಉದ್ದ ಸುಮಾರು 130 ಸೆಂಟಿಮೀಟರ್, ಹಿಂದಿನ ಸೀಟು ಮಡಚಿದರೆ ಸಣ್ಣ ಕಾರಿನಲ್ಲೂ ಹಿಡಿಯುತ್ತದೆ. ಅಡ್ಡಲಾಗಿ, ಕೀ ಮೇಲ್ಮುಖವಾಗಿ ಮಲಗಿಸಿ. ಪಾರ್ಸೆಲ್ ಬಂದರೆ ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕಾಫಿ ದುಡ್ಡು ಕೈಗೆ ಬರುವ ಫೆಬ್ರುವರಿ–ಮಾರ್ಚ್ ಕೊಳ್ಳಲು ಒಳ್ಳೆಯ ಕಾಲ, ಹವೆಯೂ ಒಣಗಿರುತ್ತದೆ.

ಕರೆಂಟ್ ಕೈಕೊಡುವ ಊರುಗಳಲ್ಲಿ ಇನ್ವರ್ಟರ್ ಲೈನಿಗೆ ಜೋಡಿಸಿ, ಇದು ಎಳೆಯುವ ವಿದ್ಯುತ್ ಬಹಳ ಕಡಿಮೆ. ಇನ್ವರ್ಟರ್ ಇಲ್ಲದ ಮನೆಗೆ ಸಿಡಿಪಿ-ಎಸ್110 ಅನುಕೂಲ, ಆರು ಎಎ ಸೆಲ್‌ಗಳಲ್ಲೂ ನುಡಿಯುತ್ತದೆ. ಕಂಪನಿಯ ಅಡಾಪ್ಟರ್ ಬಿಟ್ಟು ಬೇರೆಯದನ್ನು ಚುಚ್ಚಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ್ದೇ ಚಿಂತೆ. ಹೊರಗೋಡೆಗೆ ತಾಗಿಸದೆ ಅರ್ಧ ಅಡಿ ಬಿಟ್ಟು, ಒಳಗೋಡೆಯ ಕಡೆ ಇಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ಕೂತು ಬೂಷ್ಟು ಹಿಡಿಯುತ್ತದೆ. ದಪ್ಪ ಹತ್ತಿ ಬಟ್ಟೆ ಹೊದಿಸಿ. ಅದರಡಿ, ಕೀಗಳ ಅಕ್ಕಪಕ್ಕ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ಕಣ್ಣಿಗೇ ತಿಳಿಯುತ್ತದೆ. ಕಕ್ಕಡದ (ಜುಲೈ–ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಮಳೆಯಲ್ಲಿ ವಾರಕ್ಕೊಮ್ಮೆ ಬಟ್ಟೆ ತೆಗೆದು ಅರ್ಧ ಗಂಟೆ ಫ್ಯಾನ್ ಹಾಕಿ. ದಿನವೂ ನುಡಿಸುವ ಪಿಯಾನೊದ ಕಾಂಟ್ಯಾಕ್ಟುಗಳು ಮುಚ್ಚಿಟ್ಟದ್ದಕ್ಕಿಂತ ಚೆನ್ನಾಗಿರುತ್ತವೆ. ಕೀಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್ ತಾಗಿದರೆ ಮೇಲ್ಮೈ ಕೆಡುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳುವುದನ್ನು ಮರೆಯಬೇಡಿ, ವಾರಂಟಿ ಕೇಳುವಾಗ ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ.