ಬ್ರೆಮೆನ್‌ದಾಗ ಒಂದು ಸೆಮಿಸ್ಟರ್: ಪುಣೆಯಿಂದ ಎಕ್ಸ್‌ಚೇಂಜ್‌ಗೆ ಹೋಗಿ ಬಂದ ನನ್ನ ಅನುಭವ

ಪುಣೇದಾಗ ನಮ್ಮ ಕನ್ನಡ ಮಂದಿ ಕೂಡಿದಲ್ಲೆ ಯಾರದರೆ ಮಗಳೋ ಮಗನೋ ಹೊರದೇಶಕ್ಕ ಓದ್ಲಿಕ್ಕೆ ಹೊಂಟಾರ ಅಂದ್ರ ಮೊದಲನೇ ಪ್ರಶ್ನೆ ಎಷ್ಟು ಲಕ್ಷ ಲೋನ್ ತಗೊಂಡ್ರಿ ಅಂತನ ಇರ್ತದ. ನಾನು ಜರ್ಮನಿಯ ಬ್ರೆಮೆನ್ ಯೂನಿವರ್ಸಿಟಿಗೆ ಹೋದದ್ದು ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ, ಎಮ್ಮೆಸ್ಸಿ ಜಿಯಾಲಜಿಯ ಮೂರನೇ ಸೆಮಿಸ್ಟರ್‌ಗೆ. ಪೂರ್ತಿ ಡಿಗ್ರಿ ಅಲ್ಲೆ ಮಾಡೋದು ಬ್ಯಾರೆ, ಇದು ಬ್ಯಾರೆ. ಇದರಾಗ ಡಿಗ್ರಿ ಕೊಡೋದು ನಮ್ಮ ಯೂನಿವರ್ಸಿಟಿನ, ಫೀ ಕಟ್ಟೋದೂ ಇಲ್ಲೇ, ಅಲ್ಲೆ ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ ಒಂದಿಷ್ಟು ಕಟ್ಟಬೇಕು, ಅದರಾಗ ಟ್ರಾಮ್, ಬಸ್ಸು, ಆಸುಪಾಸಿನ ರೈಲಿನ ಪಾಸ್ ಬಂದುಬಿಡ್ತದ. ಉಳಿದದ್ದು ಇರೋ ಖರ್ಚು, ಉಣ್ಣೋ ಖರ್ಚು, ವಿಮಾನ, ಇನ್ಶುರೆನ್ಸ್. ನಮ್ಮ ಅಪ್ಪ ವಿಜಾಪುರದಿಂದ ಕೆಲಸಕ್ಕಂತ ಪುಣೆಗೆ ಬಂದವರು, ಲೋನ್ ತಗೊಳ್ಳದನ ನಾನು ಹೋಗಿ ಬರ್ಲಿಕ್ಕೆ ಆತಂದ್ರ ಇದೊಂದ ದಾರಿ ಇತ್ತು.

ಈಗ ಕಾಲೇಜಿನ ಜೂನಿಯರ್ಸು ಮೆಸೇಜ್ ಮಾಡಿ ಕೇಳ್ತಿರ್ತಾರ, ಅಕ್ಕಾ ಎಸ್‌ಒಪಿ (ಯಾಕ ಓದ್ಲಿಕ್ಕೆ ಹೊಂಟೀನಿ ಅಂತ ಅರ್ಜಿ ಜೋಡಿ ಕೊಡೋ ಪತ್ರ) ಹೆಂಗ ಬರದ್ರಿ, ವೀಸಾ ಹೆಂಗ ಆತು, ಯಾವ ಯಾವ ದೇಶ ನೋಡಿದ್ರಿ ಅಂತ. ಒಬ್ಬರೂ ಕೇಳದ ಪ್ರಶ್ನೆ ಅಂದ್ರ ಯಾವ ಸಬ್ಜೆಕ್ಟ್ ತಗೊಂಡ್ರಿ ಅಂತ! ನನ್ನ ಪ್ರಕಾರ ಎಕ್ಸ್‌ಚೇಂಜ್ ಅನ್ನೋದು ನಿಂತಿರೋದೇ ಅದರ ಮ್ಯಾಲೆ, ಅದಕ್ಕ ಅದನ್ನ ಮೊದಲು ಬರೀತೀನಿ.

ಲರ್ನಿಂಗ್ ಅಗ್ರಿಮೆಂಟ್ ಅಂತ ಒಂದು ಫಾರ್ಮ್ ಇರ್ತದ. ಅಲ್ಲೆ ನೀವು ಓದೋ ಸಬ್ಜೆಕ್ಟ್ ಒಂದು ಕಡೆ, ಅದರ ಬದಲಿಗೆ ನಮ್ಮ ಡಿಪಾರ್ಟ್‌ಮೆಂಟ್ ಯಾವ ಸಬ್ಜೆಕ್ಟ್ ಆತು ಅಂತ ಒಪ್ಪಿಕೊಳ್ತದ ಅನ್ನೋದು ಇನ್ನೊಂದು ಕಡೆ, ಕೆಳಗ ನಿಮ್ಮದು, ಇಲ್ಲಿಂದು, ಅಲ್ಲಿಂದು ಮೂರು ಸಹಿ. ಇದು ಹೋಗೋಕಿಂತ ಮೊದಲೇ ಆಗಬೇಕು. ಹೋಗಿ ಬಂದಮ್ಯಾಲೆ ಮಾಡೋಣ ಅಂತ ಬಾಯಿಮಾತಿನ ಮ್ಯಾಲೆ ಹೋದವರು ವಾಪಸ್ ಬಂದು ಒಂದು ಸೆಮಿಸ್ಟರ್ ಮತ್ತ ಕೂತಿದ್ದು ನಾನು ಕಣ್ಣಾರೆ ನೋಡೀನಿ, ಪಾಪ ಅವರು ಅಲ್ಲೆ ಚಲೋನ ಓದಿದ್ರು, ಆದ್ರ ಇಲ್ಲಿನ ಪರೀಕ್ಷಾ ವಿಭಾಗಕ್ಕ ತೋರಿಸ್ಲಿಕ್ಕೆ ಕಾಗದ ಇರಲಿಲ್ಲ.

ಕ್ರೆಡಿಟ್ ಲೆಕ್ಕ ಎಲ್ಲಾರನ್ನೂ ಗೊಂದಲಕ್ಕ ಬೀಳಸ್ತದ. ನಮ್ಮಲ್ಲೆ ಥಿಯರಿಯ ಒಂದು ಕ್ರೆಡಿಟ್ ಅಂದ್ರ ಸೆಮಿಸ್ಟರ್‌ದಾಗ 15 ತಾಸು ಕ್ಲಾಸ್. ಯುರೋಪಿನ ಇಸಿಟಿಎಸ್ ಕ್ರೆಡಿಟ್ ಕ್ಲಾಸಿನ ತಾಸು ಎಣಸೋದಿಲ್ಲ, ನೀವು ಮನ್ಯಾಗ ಕೂತು ಓದೋದು, ರಿಪೋರ್ಟ್ ಬರೆಯೋದು, ಪರೀಕ್ಷೆ ತಯಾರಿ ಎಲ್ಲಾ ಕೂಡಿ ಒಂದಕ್ಕ 25ರಿಂದ 30 ತಾಸು, ಜರ್ಮನಿಯೊಳಗ 30 ಹಿಡೀತಾರ. ಒಂದು ಸೆಮಿಸ್ಟರ್‌ಗೆ 30 ಇಸಿಟಿಎಸ್, ವರ್ಷಕ್ಕ 60. ಹಂಗಾಗಿ ನಮ್ಮ ಸೆಮಿಸ್ಟರಿನ 22 ಕ್ರೆಡಿಟ್ಟಿಗೆ ಅಲ್ಲಿನ 22 ಅಂತ ಯಾರರೆ ಹೇಳಿದ್ರ ಅದು ಸರಿ ಆಗೋದಿಲ್ಲ. ನಾನು ನಮ್ಮ ಎಚ್‌ಒಡಿ ಮ್ಯಾಡಮ್ ಮುಂದ ಕೂತು ಲೆಕ್ಕ ತೋರಿಸಿದೆ: ಅಲ್ಲಿನ 6 ಇಸಿಟಿಎಸ್ಸಿನ ಸಬ್ಜೆಕ್ಟ್ ಅಂದ್ರ 180 ತಾಸಿನ ಕೆಲಸ, ಅದರಾಗ ವಾರಕ್ಕ 4 ತಾಸಿನಂಗ 14 ವಾರ ಹಿಡದ್ರ 56 ತಾಸು ಕ್ಲಾಸು, ನಮ್ಮ 4 ಕ್ರೆಡಿಟ್ಟಿನ ಪೇಪರ್ 60 ತಾಸು, ಹೆಚ್ಚುಕಡಿಮಿ ಸಮಾ ಆತು. ಮ್ಯಾಡಮ್ ಮರಾಠಿ ಮನುಷ್ಯಾರು, ಭಾಳ ಶಿಸ್ತು, ಪ್ರತಿ ಸಬ್ಜೆಕ್ಟಿನ ಸಿಲಬಸ್ ಪ್ರಿಂಟ್ ತಗದು ತಾ ಅಂದ್ರು. ತಂದೆ. ಸಾಲು ಸಾಲು ಓದಿ ಒಂದು ಸಬ್ಜೆಕ್ಟ್ ನಮ್ಮ ಪೇಪರಿಗೆ ಹೊಂದೋದಿಲ್ಲ ಅಂತ ತಗದು ಹಾಕಿದ್ರು, ಅದರ ಜಾಗಾದಾಗ ಬ್ಯಾರೆ ಹುಡುಕಿ ಕೊಟ್ಟೆ. ಆ ಬಿಗಿ ನನಗ ಆಮೇಲೆ ಎಷ್ಟು ಉಪಯೋಗ ಆತು ಅಂದ್ರ ಅವರಿಗೆ ಇವತ್ತೂ ಋಣಿ ಇದ್ದೀನಿ.

ಇನ್ನೊಂದು ಕ್ಯಾಲೆಂಡರ್. ಜರ್ಮನಿಯ ವಿಂಟರ್ ಸೆಮಿಸ್ಟರ್ ಅಕ್ಟೋಬರ್‌ದಿಂದ ಮಾರ್ಚ್ ತನಕ, ಕ್ಲಾಸು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಶುರುವಿನ ತನಕ. ಅಷ್ಟೊತ್ತಿಗೆ ಇಲ್ಲೆ ನಮ್ಮ ಮುಂದಿನ ಸೆಮಿಸ್ಟರ್ ಜನವರಿಯೊಳಗ ಶುರು ಆಗಿರ್ತದ. ನಮ್ಮ ನಾಲ್ಕನೇ ಸೆಮಿಸ್ಟರ್ ಭಾಳಷ್ಟು ಪ್ರಾಜೆಕ್ಟ್ ಇದ್ದದ್ದಕ್ಕ ಬಚಾವ್, ತಡವಾಗಿ ಬಂದು ಸೇರ್ಲಿಕ್ಕೆ ಪರ್ಮಿಷನ್ ಅಗ್ರಿಮೆಂಟಿನ ಜೋಡಿನ ಬರೆಸಿಕೊಂಡೆ. ಹೋಗೋರು ಯಾರೇ ಇರ್ರಿ, ಎರಡೂ ಕಡೆ ಕ್ಯಾಲೆಂಡರ್ ಬಾಜೂಕ ಬಾಜೂಕ ಇಟ್ಟು ನೋಡ್ರಿ.

ಸಬ್ಜೆಕ್ಟ್ ಆರಿಸೋವಾಗ ನಾನು ಇಟ್ಟುಕೊಂಡ ನಿಯಮ ಇಷ್ಟ, ಪುಣೇದಾಗ ಕೂತು ಕಲೀಲಿಕ್ಕೆ ಆಗದ್ದನ್ನ ತಗೋಬೇಕು. ಪುಣೇದಾಗ ಜಿಯಾಲಜಿ ಓದೋರಿಗೆ ಬಸಾಲ್ಟ್, ಅಂದ್ರ ಲಾವಾ ಆರಿ ಆದ ಕಪ್ಪು ಕಲ್ಲು, ಅಂಗಳದ ಕಲ್ಲು ಇದ್ದಂಗ. ಸಿಂಹಗಡ ಹತ್ತೋವಾಗ ಕಾಲಾಗ ಸಿಗೋದು ಅದೇ, ನಮ್ಮ ವಿಜಾಪುರದ ಗೋಳಗುಮ್ಮಟ ಕಟ್ಟಿದ್ದೂ ಅದೇ ಕಪ್ಪು ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷದ ಹಿಂದ ಡೆಕ್ಕನ್ ಟ್ರಾಪ್ಸ್ ಅನ್ನೋ ನಮ್ಮ ಈ ಕಲ್ಲಿನ ಸೀಮಿಯ ಲಾವಾ ಪದರಿನ ಮ್ಯಾಲೆ ಪದರಾಗಿ ಹರದದ್ದು, ಎರಡು ಪದರಿನ ನಡುವ ಕೆಂಪು ಮಣ್ಣಿನ ಗೆರಿ ಕಾಣತದಲ್ಲ, ಅದನ್ನ ಫೀಲ್ಡ್ ಟ್ರಿಪ್‌ದಾಗ ನೋಡಿ ನೋಡಿ ಬಲ್ಲೆ. ಆದ್ರ ಸಮುದ್ರದ ತಳದ ಕೆಸರು ನಾನು ಪುಸ್ತಕದಾಗ ಬಿಟ್ರ ಎಲ್ಲೂ ನೋಡಿರಲಿಲ್ಲ. ಬ್ರೆಮೆನ್‌ದಾಗ ಮಾರುಮ್ ಅನ್ನೋ ಸಮುದ್ರ ವಿಜ್ಞಾನ ಕೇಂದ್ರ ಅದ, ಮರೈನ್ ಜಿಯೋಸೈನ್ಸಸ್ ಎಮ್ಮೆಸ್ಸಿ ಇಂಗ್ಲಿಷ್‌ನ್ಯಾಗ ನಡೀತದ, ಮತ್ತ ಸಮುದ್ರದ ತಳಾ ಕೊರದು ತಗದ ಕೋರ್‌ಗಳನ್ನ, ಅಂದ್ರ ಕೊಳವಿಯಂಥ ಉದ್ದನ ಮಣ್ಣು-ಕಲ್ಲಿನ ತುಂಡುಗಳನ್ನ, ಇಡೋ ಜಗತ್ತಿನ ಮೂರು ದೊಡ್ಡ ಭಂಡಾರದಾಗ ಒಂದು ಅಲ್ಲೇ ಅದ. ಉಳಿದೆರಡು ಅಮೆರಿಕದ ಟೆಕ್ಸಾಸ್‌ದಾಗ, ಜಪಾನಿನ ಕೋಚಿದಾಗ. ನಮ್ಮ ಯೂನಿವರ್ಸಿಟಿಯ ಎಕ್ಸ್‌ಚೇಂಜ್ ಒಪ್ಪಂದದ ಪಟ್ಟಿಯೊಳಗ ಬ್ರೆಮೆನ್ ಹೆಸರು ನೋಡಿದ ದಿನಾನ ನಾನು ಮನಸ್ಸು ಮಾಡಿಬಿಟ್ಟೆ. ಅಂದಂಗ ನಮ್ಮ ಔಂಧ್‌ದಾಗ ಬ್ರೆಮೆನ್ ಚೌಕ್ ಅದಲ್ಲ, ಪುಣೆಗೂ ಬ್ರೆಮೆನ್‌ಗೂ ಹಳೇ ನಂಟು ಇರೋದಕ್ಕ ಆ ಹೆಸರು.

ಮನ್ಯಾಗ ಅಪ್ಪಗ ಚಿಂತಿ ಇದ್ದದ್ದು ರೊಕ್ಕದ್ದು. ವೀಸಾಕ್ಕ ಬ್ಲಾಕ್ಡ್ ಅಕೌಂಟ್, ಅಂದ್ರ ಅಲ್ಲಿ ಇರೋ ಖರ್ಚಿನ ರೊಕ್ಕ ಮೊದಲೇ ತುಂಬಿಟ್ಟ ಖಾತೆ, ತೋರಿಸಬೇಕು, ನಾನು ಹೋದಾಗ ತಿಂಗಳಿಗೆ 992 ಯೂರೋ ಲೆಕ್ಕ ಇತ್ತು. ಅದು ಫೀ ಅಲ್ಲ, ನಮ್ಮದೇ ರೊಕ್ಕ, ಅಲ್ಲೆ ಹೋದಮ್ಯಾಲೆ ತಿಂಗಳಾ ತಿಂಗಳಾ ನಮಗೇ ಬರ್ತದ ಅಂತ ಅಪ್ಪಗ ಕಾಗದದ ಮ್ಯಾಲೆ ಬರದು ತೋರಿಸಿದಮ್ಯಾಲೆ ಒಪ್ಪಿದ್ರು. 90 ದಿವಸಕ್ಕಿಂತ ಹೆಚ್ಚು ಇರೋರಿಗೆ ನ್ಯಾಷನಲ್ ವೀಸಾ ಬೇಕು, ಫೀ 75 ಯೂರೋ, ಅಪಾಯಿಂಟ್‌ಮೆಂಟ್ ನನಗ ಮುಂಬೈದಾಗ ಸಿಕ್ತು, ಬೆಳಗಿನ ಡೆಕ್ಕನ್ ಕ್ವೀನ್ ಹತ್ತಿ ಅಪ್ಪನ ಜೋಡಿ ಹೋಗಿ ಬಂದೆ. ಅಡ್ಮಿಷನ್ ಲೆಟರ್ ಕೈಗೆ ಬಂದ ದಿನಾನ ಅಪಾಯಿಂಟ್‌ಮೆಂಟ್ ಹುಡುಕ್ಲಿಕ್ಕೆ ಶುರು ಮಾಡ್ರಿ, ಹಾಸ್ಟೆಲ್‌ಗೂ ಅವತ್ತ ಅರ್ಜಿ ಹಾಕ್ರಿ, ಎರಡಕ್ಕೂ ಪಾಳಿ ಉದ್ದ ಇರ್ತದ.

ಭಾಷೆ ಬಗ್ಗೆ ಭಾಳ ಮಂದಿ ಕ್ಲಾಸು ಇಂಗ್ಲಿಷ್‌ನ್ಯಾಗ ಅದಲ್ಲ ಜರ್ಮನ್ ಯಾಕ ಅಂತಾರ. ಎಫ್‌ಸಿ ರೋಡಿನ ರಾನಡೆ ಇನ್‌ಸ್ಟಿಟ್ಯೂಟ್, ಇಲ್ಲಾ ಮ್ಯಾಕ್ಸ್‌ಮುಲ್ಲರ್ ಭವನ, ಪುಣೇದಾಗ ಜರ್ಮನ್ ಕಲೀಲಿಕ್ಕೆ ಎಷ್ಟೊಂದು ಸೌಕರ್ಯ ಅದ, ಹೋಗೋಕ ಮುಂಚೆ ಎ1 ಅನ್ನೋ ಮೊದಲನೇ ಹಂತ ಆದರೂ ಮುಗಿಸ್ರಿ. ಮನಿ ಸೇರಿದ ಎರಡು ವಾರದಾಗ ಆನ್‌ಮೆಲ್‌ಡುಂಗ್ ಅಂತ ವಿಳಾಸ ನೋಂದಣಿ ಮಾಡಿಸಬೇಕು, ಆ ಫಾರ್ಮ್, ಹಾಸ್ಟೆಲ್ ಕರಾರು, ಇನ್ಶುರೆನ್ಸಿನವರ ಪತ್ರ ಎಲ್ಲಾ ಜರ್ಮನ್‌ದಾಗನ ಬರ್ತಾವ. ಅದೂ ಅಲ್ಲದ ಹಾಸ್ಟೆಲ್ಲಿನ ಅಡಗಿಮನ್ಯಾಗ ಬಾಜೂ ರೂಮಿನಾಕಿ ಜೋಡಿ ಎರಡು ಮಾತು ಅವರ ಭಾಷೆಯೊಳಗ ಆಡಿದ್ರ ಆಕಿ ಮಾರಿ ಹೆಂಗ ಅರಳ್ತಿತ್ತು ಅಂದ್ರ, ಅದಕ್ಕರೆ ಕಲೀಬೇಕು.

ಸಾಮಾನು ಕಟ್ಟೋವಾಗ ಅವ್ವ "ಎರಡು ಡಬ್ಬಿ ತುಪ್ಪ, ಧಾರವಾಡ ಪೇಡೆ ಇಡ್ತೀನಿ ತಡಿ" ಅಂದ್ಳು. "ಅವ್ವಾ, ಹಾಲಿನ ಪದಾರ್ಥ ಅಲ್ಲೆ ಬಿಡಂಗಿಲ್ಲ" ಅಂದೆ. ಯುರೋಪಿಯನ್ ಯೂನಿಯನ್ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯೋದು ನಿಷೇಧ ಅದ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಜೋಳದ ಹಿಟ್ಟು ಇಟ್ಟಳು, ರೊಟ್ಟಿ ಬಡಿಯೋದು ನನಗ ಅಲ್ಲೇ ಕೈ ಕೂತದ್ದು.

ಯೂನಿವರ್ಸಿಟಿಗೆ 6ನೇ ನಂಬರ್ ಟ್ರಾಮ್, ಏರ್‌ಪೋರ್ಟಿನಿಂದ ಸ್ಟೇಷನ್ ಮ್ಯಾಲೆ ಹಾದು ಸೀದಾ ಕ್ಯಾಂಪಸ್ಸಿಗೆ. ಇಳಿಯೋಕ ಮೊದಲೇ 146 ಮೀಟರ್ ಎತ್ತರದ ಫಾಲ್‌ಟುರ್ಮ್ ಅನ್ನೋ ಪ್ರಯೋಗದ ಗೋಪುರ ಕಾಣತದ, ಅದರೊಳಗ ಪ್ರಯೋಗದ ಕ್ಯಾಪ್ಸೂಲ್ ಮ್ಯಾಲಿಂದ ಬಿಟ್ಟು 4.74 ಸೆಕೆಂಡ್ ತೂಕ ಇಲ್ಲದ ಸ್ಥಿತಿ ಮಾಡ್ತಾರ.

ಕ್ಲಾಸಿನ ರೀತಿನ ಬ್ಯಾರೆ. ನೋಟ್ಸ್ ಕೊಟ್ಟು ಬರೆಸೋದಿಲ್ಲ, ಓದಿಕೊಂಡು ಬಾ ಅಂತಾರ, ಸೆಮಿನಾರ್‌ದಾಗ ಸುಮ್ನ ಕೂತ್ರ ನೀವು ಬಂದೀರೋ ಇಲ್ಲೋ ಗೊತ್ತಾಗೋದಿಲ್ಲ. ಮೊದಲ ವಾರಗಳೊಳಗ ಬಾಯಿ ಬಿಡ್ಲಿಕ್ಕೆ ನನಗ ಅಂಜಿಕಿ. ಒಂದಿನಾ ಡೈನೋಸಾರ್ ಅಳಿದ ಕಾಲದ ಚರ್ಚೆ ಬಂತು, ಮೆಕ್ಸಿಕೋದ ಚಿಕ್ಸುಲುಬ್ ಉಲ್ಕೆ ಒಂದು ಕಡೆ, ಡೆಕ್ಕನ್ ಲಾವಾ ಇನ್ನೊಂದು ಕಡೆ, ಯಾವುದರ ಪಾಲು ಎಷ್ಟು ಅಂತ. ಚಿಕ್ಸುಲುಬ್ ಕುಳಿಯನ್ನ 2016ರಾಗ ಕೊರದಾಗ ಆ ಕೋರ್ ಸೀಳಿ ಮೊದಲು ಓದಿದ್ದು ಇದೇ ಬ್ರೆಮೆನ್‌ದಾಗ. ಪ್ರೊಫೆಸರ್ ನನ್ನ ಕಡೆ ತಿರುಗಿ ನೀನು ಡೆಕ್ಕನ್ ಮ್ಯಾಲೆ ಇರೋಳಲ್ಲ, ಆ ಪದರಿನ ನಡುವಿನ ಕೆಂಪು ಗೆರಿ ಬಗ್ಗೆ ಹೇಳು ಅಂದ್ರು. ಹೇಳಿದೆ, ಲಾವಾ ಹರಿಯೋದು ನಿಂತ ಹೊತ್ತಿನಾಗ ಮ್ಯಾಲಿನ ಪದರು ಸವೆದು ಹೆಂಗ ಮಣ್ಣಾಗ್ತದ, ಅದು ಎಲ್ಲೆಲ್ಲೆ ದಪ್ಪ ಎಲ್ಲೆಲ್ಲೆ ತೆಳು, ಎದ್ದು ಹೋಗಿ ಬೋರ್ಡ್ ಮ್ಯಾಲೆ ಘಾಟಿನ ಚಿತ್ರ ತಗದು ತೋರಿಸಿದೆ. ಅವತ್ತಿನಿಂದ ಅಂಜಿಕಿ ಹೋತು. ನಾವು ಅಲ್ಲೆ ಬರೇ ತಗೊಳ್ಳಿಕ್ಕೆ ಹೋಗೋದಿಲ್ಲ, ನಮ್ಮ ಊರಿನ ಕಲ್ಲು ನಮಗ ಗೊತ್ತಿದ್ದಷ್ಟು ಅವರಿಗೆ ಗೊತ್ತಿರೋದಿಲ್ಲ.

ಕೋರ್ ಭಂಡಾರ ನೋಡಿದ್ದನ್ನ ಎಷ್ಟು ಹೇಳಿದರೂ ಕಡಿಮಿನ. ಒಳಗ 4 ಡಿಗ್ರಿ ಚಳಿ, ಜಾಕೆಟ್ ಹಾಕ್ಕೊಂಡ ಹೋಗಬೇಕು. ಒಂದೂವರೆ ಮೀಟರ್ ಉದ್ದದ ಕೋರ್‌ಗಳು, ಪ್ರತಿಯೊಂದನ್ನೂ ಉದ್ದಕ್ಕ ಎರಡಾಗಿ ಸೀಳಿರ್ತಾರ, ಒಂದು ಹೋಳು ಮುಟ್ಟದಂಗ ಇಡ್ಲಿಕ್ಕೆ, ಇನ್ನೊಂದು ಹೋಳಿನಿಂದ ಸ್ಯಾಂಪಲ್ ತಗೀಲಿಕ್ಕೆ. ಹಿಂಗ 150 ಕಿಲೋಮೀಟರ್‌ಗಿಂತ ಹೆಚ್ಚು ಉದ್ದದ ಸಮುದ್ರತಳ ಕಪಾಟಿನಾಗ ಮಲಗ್ಯದ, 1968ರಿಂದ ತಗದದ್ದು ಸೈತ. ಜಗತ್ತಿನ ಯಾವ ಸಂಶೋಧಕ ಬೇಕಾದ್ರೂ ಅರ್ಜಿ ಹಾಕಿ ಸ್ಯಾಂಪಲ್ ಕೇಳಬಹುದು ಅಂತ ಅಲ್ಲಿನವರು ಹೇಳಿದಾಗ ನನಗ ಮೈ ಝುಮ್ ಅಂತು. ಪುಣೇದಾಗ ಕೂತೂ ಕೇಳಬಹುದು! ಇದು ನಮ್ಮ ಹುಡುಗರಿಗೆ ಗೊತ್ತಾಗಬೇಕು.

ಚಳಿಗಿಂತ ಕತ್ತಲು ಕಠಿಣ. ಡಿಸೆಂಬರ್‌ದಾಗ ಸಂಜೀ ನಾಲ್ಕರ ಸುಮಾರಿಗೆ ಸೂರ್ಯ ಮುಳುಗ್ತಾನ, ಅಕ್ಟೋಬರ್ ಕೊನೀಕ ಗಡಿಯಾರ ಹಿಂದ ಮಾಡಿದಮ್ಯಾಲೆ ನಮಗೂ ಅವರಿಗೂ ನಾಲ್ಕೂವರೆ ತಾಸು ಫರಕು, ನಾನು ಕ್ಲಾಸ್ ಮುಗಿಸಿ ಬರೋದ್ರಾಗ ಅವ್ವ ಮಲಗೋ ಹೊತ್ತು. ಮಧ್ಯಾಹ್ನ ಊಟದ ಬಿಡುವಿನಾಗ ಫೋನ್ ಮಾಡೋದು, ಬೆಳಕು ಇದ್ದಾಗ ಒಂದು ಸುತ್ತು ಹೊರಗ ನಡಿಯೋದು ರೂಢಿ ಮಾಡಿಕೊಂಡೆ, ಇವೆರಡರಿಂದ ಭಾಳ ತಡಕೊಂಡೆ. ರವಿವಾರ ಅಂಗಡಿ ಎಲ್ಲಾ ಬಂದ್, ಶನಿವಾರನ ಸಂತಿ ಮುಗಿಸ್ರಿ.

ಪರೀಕ್ಷೆಗೆ ಬ್ಯಾರೆ ರಿಜಿಸ್ಟ್ರೇಷನ್ ಇರ್ತದ, ಕ್ಲಾಸಿಗೆ ಹೋದಾಕ್ಷಣ ಪರೀಕ್ಷೆಗೆ ಹೆಸರು ಬಂತು ಅಂತ ತಿಳೀಬ್ಯಾಡ್ರಿ. ಗ್ರೇಡ್ ತಿರುವು ಮುರುವು, 1.0 ಅಂದ್ರ ಎಲ್ಲಕ್ಕಿಂತ ಚಲೋ, 4.0 ಪಾಸಿನ ಗಡಿ. ಇದನ್ನ ನಮ್ಮ ಹತ್ತರ ಸ್ಕೇಲಿಗೆ ಹೆಂಗ ತಿರಗಿಸ್ತಾರ ಅನ್ನೋದನ್ನೂ ಹೋಗೋಕ ಮೊದಲು ಬರವಣಿಗೆಯೊಳಗ ತಗೋರಿ. ಬರೋವಾಗ ವಿಳಾಸ ರದ್ದು ಮಾಡಿಸ್ರಿ, ಬ್ಲಾಕ್ಡ್ ಅಕೌಂಟ್ ಮುಚ್ಚೋ ಅರ್ಜಿ ಕೊಡ್ರಿ, ಎಷ್ಟು ತಾರೀಖಿನಿಂದ ಎಷ್ಟು ತಾರೀಖಿನ ತನಕ ಓದಿದ್ರಿ ಅನ್ನೋ ಸರ್ಟಿಫಿಕೇಟ್ ಇಂಟರ್‌ನ್ಯಾಷನಲ್ ಆಫೀಸಿನಿಂದ ಕೈಯಾಗ ತಗೊಂಡ ಬರ್ರಿ. ಟ್ರಾನ್ಸ್‌ಕ್ರಿಪ್ಟ್, ಅಂದ್ರ ಅಲ್ಲಿನ ಅಂಕಪಟ್ಟಿ, ತಡಾ ಆಗ್ತದ, ಫೆಬ್ರವರಿ ಪರೀಕ್ಷೆಯ ಮಾರ್ಕ್ಸ್ ಸೇರಿ ಬರೋ ತನಕ ಇಲ್ಲಿನ ಮೂರನೇ ಸೆಮಿಸ್ಟರ್ ರಿಸಲ್ಟ್ ಖಾಲಿ ಕಾಣತದ, ಆಗ ಕ್ಯಾಂಪಸ್ ಪ್ಲೇಸ್‌ಮೆಂಟ್ ಇಲ್ಲಾ ಪಿಎಚ್‌ಡಿ ಅರ್ಜಿ ಹಾಕೋರು ಸಹಿ ಆದ ಲರ್ನಿಂಗ್ ಅಗ್ರಿಮೆಂಟಿನ ಪ್ರತಿ ಜೋಡಿಸಿ ಕೊಡ್ರಿ, ನನಗ ಅದರ ಮ್ಯಾಲೆನ ಕೆಲಸ ಆತು.