ಇಕೆ ಡ್ರಾಕೋನಿಸ್‌ನ ಕಲೆಗಳನ್ನು ಬೆಳಕಿನ ಏರಿಳಿತದಿಂದ ಓದಿದ ಬಗೆ

ಸೂರ್ಯನ ಎಳೆವಯಸ್ಸಿನ ಕಾಂತೀಯ ಚಟುವಟಿಕೆ ಹೇಗಿದ್ದಿರಬಹುದು ಎಂದು ತಿಳಿಯಲು, ಸೂರ್ಯನಷ್ಟೇ ರಾಶಿಯುಳ್ಳ, ವಯಸ್ಸಿನಲ್ಲಿ ಮಾತ್ರ ಬಹಳ ಕಿರಿಯವಾದ ನಕ್ಷತ್ರಗಳನ್ನು ಗಮನಿಸಬೇಕಾಗುತ್ತದೆ. ನಾನು ಆರಿಸಿಕೊಂಡದ್ದು ಸುಮಾರು 110 ಜ್ಯೋತಿರ್ವರ್ಷ ದೂರದ ಇಕೆ ಡ್ರಾಕೋನಿಸ್. ಸೂರ್ಯನ ವಯಸ್ಸು 460 ಕೋಟಿ ವರ್ಷವಾದರೆ, ಇದರದು 5ರಿಂದ 12 ಕೋಟಿ ವರ್ಷಗಳ ನಡುವೆ ಇದೆಯೆಂಬ ಅಂದಾಜಿದೆ. ಸಮಭಾಜಕದ ಬಳಿ ಸೂರ್ಯ ಒಂದು ಸುತ್ತಿಗೆ ಸುಮಾರು 25 ದಿನ ತೆಗೆದುಕೊಂಡರೆ, ಇದು ಸುಮಾರು 2.6 ದಿನಗಳಲ್ಲೇ ಒಂದು ಸುತ್ತು ಮುಗಿಸುತ್ತದೆ. ಭ್ರಮಣದ ವೇಗವು ವಯಸ್ಸಿನ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಖಗೋಳವಿಜ್ಞಾನಿ ಸ್ಕುಮಾನಿಚ್ 1972ರಲ್ಲಿ ತೋರಿಸಿದ್ದರು. ವೇಗದ ಭ್ರಮಣವೂ ಹೊರಪದರದ ಸಂವಹನವೂ (ಬಿಸಿ ಅನಿಲ ಮೇಲೇರಿ, ತಣಿದು ಇಳಿಯುವ ಚಲನೆ) ಸೇರಿದಲ್ಲಿ ಕಾಂತಕ್ಷೇತ್ರವನ್ನು ಹುಟ್ಟಿಸುವ ಡೈನಮೊ ಬಲಗೊಳ್ಳುತ್ತದೆ, ಆ ಕ್ಷೇತ್ರದಿಂದ ಮೂಡುವ, ಸುತ್ತಲಿಗಿಂತ ತಣ್ಣಗಿನ ಕಪ್ಪು ಕಲೆಗಳು ಹಿಗ್ಗುತ್ತವೆ. ಅವು ನಕ್ಷತ್ರದೊಂದಿಗೆ ತಿರುಗಿ ನಮ್ಮತ್ತ ಬಂದಾಗ ಬೆಳಕು ತುಸು ಇಳಿಯುತ್ತದೆ.

ನಕ್ಷತ್ರಗಳ ಬೆಳಕನ್ನು ಅಳೆಯುವ ನಾಸಾದ ಟೆಸ್ ಉಪಗ್ರಹ 2019 ಮತ್ತು 2020ರಲ್ಲಿ ಈ ನಕ್ಷತ್ರವನ್ನು ಎರಡು ನಿಮಿಷಕ್ಕೊಂದರಂತೆ ಅಳೆದ ದತ್ತಾಂಶ ಎಲ್ಲರಿಗೂ ತೆರೆದಿದೆ. ಅದನ್ನು ಪೈಥಾನ್‌ನ ಲೈಟ್‌ಕರ್ವ್ ತಂತ್ರಾಂಶದಿಂದ ಇಳಿಸಿಕೊಂಡು, ಕಚ್ಚಾ ಬೆಳಕು ಮತ್ತು ಸರಿಪಡಿಸಿದ ಬೆಳಕು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಉಪಕರಣದ ದೋಷವನ್ನು ತೆಗೆಯುವ ಕ್ರಮವು ಎರಡು ವಾರದಷ್ಟು ದೀರ್ಘವಾದ ನಿಜವಾದ ಏರಿಳಿತವನ್ನೂ ಅಳಿಸಿಬಿಡಬಲ್ಲದು, ಅವಧಿ 2.6 ದಿನವಾದ್ದರಿಂದ ಇಲ್ಲಿ ಆ ಭಯ ಕಡಿಮೆ, ನಿಧಾನವಾಗಿ ತಿರುಗುವ ನಕ್ಷತ್ರಗಳಲ್ಲಿ ಇದೇ ಮುಖ್ಯ ತೊಡಕು.

ಭ್ರಮಣದ ಅವಧಿಯನ್ನು ಲಾಂಬ್-ಸ್ಕಾರ್ಗಲ್ ವಿಧಾನದಿಂದಷ್ಟೇ (ದತ್ತಾಂಶಕ್ಕೆ ಚೆನ್ನಾಗಿ ಹೊಂದುವ ಅಲೆಯ ಅವಧಿಯನ್ನು ಹುಡುಕುವುದು) ಅಲ್ಲದೆ ಸ್ವಸಹಸಂಬಂಧದಿಂದಲೂ (ದತ್ತಾಂಶವನ್ನು ಸಮಯದಲ್ಲಿ ಸರಿಸಿ ಅದರೊಂದಿಗೇ ಹೋಲಿಸುವುದು) ತೆಗೆದೆ. ಎದುರುಬದುರಿನ ರೇಖಾಂಶಗಳಲ್ಲಿ ಎರಡು ದೊಡ್ಡ ಕಲೆಗುಂಪುಗಳಿದ್ದರೆ ಬೆಳಕು ಒಂದು ಸುತ್ತಿನಲ್ಲಿ ಎರಡು ಬಾರಿ ಇಳಿಯುತ್ತದೆ; ಆಗ ಮೊದಲ ವಿಧಾನ ಅರ್ಧ ಅವಧಿಯನ್ನೇ ನಿಜವೆಂದು ಹೇಳುವ ಸಂಭವವಿದೆ. ಎರಡು ಇಳಿತಗಳ ಆಳ ಸಮನಾಗಿರುವುದು ಅಪರೂಪವಾದ್ದರಿಂದ ಸ್ವಸಹಸಂಬಂಧದಲ್ಲಿ ಪೂರ್ಣ ಅವಧಿಯ ಶಿಖರವೇ ಎತ್ತರವಾಗಿ ಕಾಣುತ್ತದೆ. ಬೇರೆ ಬೇರೆ ಅವಲೋಕನ ಖಂಡಗಳಲ್ಲಿ ಅವಧಿ ತುಸು ಬದಲಾದರೆ ಅದನ್ನು ಅಸಮ ಭ್ರಮಣವೆಂದು, ಅಂದರೆ ಬೇರೆ ಬೇರೆ ಅಕ್ಷಾಂಶಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿವೆಯೆಂದು, ಬರೆದುಬಿಡುವ ಆಸೆ ಹುಟ್ಟುತ್ತದೆ. ಆದರೆ ಒಂದು ಕಲೆ ಕರಗಿ ಪಕ್ಕದಲ್ಲಿ ಇನ್ನೊಂದು ಹುಟ್ಟಿದರೂ ಇದೇ ಪರಿಣಾಮ ಬರುವುದರಿಂದ ನಾನು ಹಾಗೆ ಬರೆಯುವುದಿಲ್ಲ.

ಕಲೆಯ ವಿಸ್ತೀರ್ಣದ ಲೆಕ್ಕ ಸರಳವಾಗಿಯೇ ಆರಂಭವಾಗುತ್ತದೆ. ದ್ಯುತಿಗೋಳ, ಅಂದರೆ ನಕ್ಷತ್ರದ ಕಾಣುವ ಮೇಲ್ಮೈ, 5,800 ಕೆಲ್ವಿನ್, ಕಲೆ 4,000 ಕೆಲ್ವಿನ್ ಎಂದುಕೊಂಡರೆ, ಉಷ್ಣತೆಯ ನಾಲ್ಕನೆಯ ಘಾತದ ನಿಯಮದಂತೆ ಕಲೆಯ ಪ್ರತಿ ಚದರ ಘಟಕ ಸುತ್ತಲಿನ ಪ್ರದೇಶದ ಸುಮಾರು 23 ಪ್ರತಿಶತದಷ್ಟು ಮಾತ್ರ ಬೆಳಗುತ್ತದೆ. ಹಾಗಾಗಿ ಬೆಳಕು 1 ಪ್ರತಿಶತ ಇಳಿಯಬೇಕಾದರೆ ನಮಗೆ ಕಾಣುವ ಬಿಂಬದ ಸುಮಾರು 1.3 ಪ್ರತಿಶತವನ್ನು ಕಲೆ ಮುಚ್ಚಿರಬೇಕು. ಟೆಸ್ ಕೆಂಪು ಮತ್ತು ಸಮೀಪ ಅವಕೆಂಪು ಬೆಳಕನ್ನು ಅಳೆಯುತ್ತದೆ, ಅಲ್ಲಿ ಕಲೆಯ ಕಪ್ಪು ಕಣ್ಣಿಗೆ ಕಾಣುವ ಬೆಳಕಿನಲ್ಲಿರುವುದಕ್ಕಿಂತ ತೆಳುವಾದ್ದರಿಂದ, ಅದೇ ಇಳಿತಕ್ಕೆ ಬೇಕಾಗುವ ವಿಸ್ತೀರ್ಣವೂ ಅಲ್ಲಿಗಿಂತ ಹೆಚ್ಚು. ಸೂರ್ಯನ ಏರಿಳಿತ ಸಾಮಾನ್ಯವಾಗಿ 0.1 ಪ್ರತಿಶತದ ಆಸುಪಾಸಿನದಾದರೆ ಇಲ್ಲಿ ಕೆಲವು ಪ್ರತಿಶತವೇ ಇದೆ.

ಆದರೂ ಈ ಸಂಖ್ಯೆಯನ್ನು ಕಲೆಗಳ ಒಟ್ಟು ವಿಸ್ತೀರ್ಣವೆಂದು ಓದಬಾರದು. ಏರಿಳಿತವು ಕಲೆಗಳ ಹಂಚಿಕೆಯ ಅಸಮತೆಯನ್ನು ಮಾತ್ರ ಹೇಳುತ್ತದೆ; ಎಲ್ಲ ರೇಖಾಂಶಗಳಲ್ಲೂ ಸಮನಾಗಿ ಹರಡಿದ ಕಲೆಗಳಾಗಲಿ, ಧ್ರುವವನ್ನು ಟೋಪಿಯಂತೆ ಮುಚ್ಚಿದ ಕಲೆಯಾಗಲಿ ಅದರಲ್ಲಿ ಸುಳಿವನ್ನೇ ಬಿಡುವುದಿಲ್ಲ. ಧ್ರುವದ ಕಲೆ ಸೂರ್ಯನನ್ನು ಬಲ್ಲವರಿಗೆ ವಿಚಿತ್ರವೆನಿಸಬಹುದು, ಏಕೆಂದರೆ ಸೌರಕಲೆಗಳು ಹೆಚ್ಚಾಗಿ ಸಮಭಾಜಕದಿಂದ 35 ಡಿಗ್ರಿಯೊಳಗೇ ಇರುತ್ತವೆ. ವೇಗದ ಭ್ರಮಣದಲ್ಲಿ, ಆ ಭ್ರಮಣದಿಂದಲೇ ಹುಟ್ಟುವ ಕೊರಿಯೊಲಿಸ್ ಬಲವು ಒಳಗಿನಿಂದ ಮೇಲೇರುವ ಕಾಂತನಾಳಗಳನ್ನು (ಕಾಂತಕ್ಷೇತ್ರದ ಕಟ್ಟುಗಳು) ಧ್ರುವದತ್ತ ತಿರುಗಿಸುತ್ತದೆ ಎಂದು ಸೌರವಿಜ್ಞಾನಿಗಳಾದ ಶುಸ್ಲರ್ ಮತ್ತು ಸೋಲಂಕಿ 1992ರಲ್ಲಿ ವಿವರಿಸಿದರು. ಅಂಥ ಕಲೆಯನ್ನು ಹಿಡಿಯಲು ಡಾಪ್ಲರ್ ಚಿತ್ರಣ ಬೇಕು: ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ, ಭ್ರಮಣದಿಂದ ಅಗಲಗೊಂಡ ರೋಹಿತ ರೇಖೆಯ ಮೇಲೆ ಕಲೆಯೊಂದು ಸಣ್ಣ ಉಬ್ಬಾಗಿ ಮೂಡಿ ನೀಲಿ ಅಂಚಿನಿಂದ ಕೆಂಪು ಅಂಚಿಗೆ ಸರಿಯುತ್ತದೆ, ಧ್ರುವದ ಕಲೆಯಾದರೆ ರೇಖೆಯ ನಡುವೆಯೇ ಉಳಿಯುತ್ತದೆ. ನನ್ನ ಬಳಿ ಇರುವುದು ಬೆಳಕಿನ ಅಳತೆ ಮಾತ್ರವಾದ್ದರಿಂದ ನನ್ನ ಟಿಪ್ಪಣಿಯಲ್ಲಿ ವಿಸ್ತೀರ್ಣದ ಮುಂದೆ ಯಾವಾಗಲೂ ‘ಕನಿಷ್ಠ’ ಎಂದಿರುತ್ತದೆ, ಅಕ್ಷಾಂಶದ ಜಾಗ ಖಾಲಿಯಿರುತ್ತದೆ.

ಕೊನೆಗೆ ಜ್ವಾಲೆಗಳನ್ನು, ಅಂದರೆ ಕಾಂತೀಯ ಶಕ್ತಿ ಒಮ್ಮೆಲೇ ಬಿಡುಗಡೆಯಾಗುವ ಸಿಡಿತಗಳನ್ನು, ಹುಡುಕಿದೆ. ಭ್ರಮಣದ ಏರಿಳಿತವನ್ನು ನಯಗೊಳಿಸಿದ ವಕ್ರರೇಖೆಯಾಗಿ ಎಳೆದು ದತ್ತಾಂಶದಿಂದ ಕಳೆದಾಗ, ಥಟ್ಟನೆ ಏರಿ ನಿಧಾನವಾಗಿ ಇಳಿಯುವ ಆಕಾರಗಳು ಉಳಿಯುತ್ತವೆ. ಒಂದೇ ಅಳತೆಯಲ್ಲಿ ಬಂದು ಹೋಗುವ ಮೊನೆಗಳನ್ನು ಜ್ವಾಲೆಯೆಂದು ಸೇರಿಸುವುದಿಲ್ಲ. ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡು (ಡಿಗ್ರಿಯ 3,600ರಲ್ಲೊಂದು ಭಾಗವೇ ಒಂದು ಆರ್ಕ್‌ಸೆಕೆಂಡು) ಅಗಲವಿದ್ದು, ಇಕೆ ಡ್ರಾಕೋನಿಸ್‌ಗೆ ಸೂರ್ಯನ ಅರ್ಧದಷ್ಟು ರಾಶಿಯ ಒಂದು ಸಂಗಾತಿಯೂ ಇರುವುದರಿಂದ, ಸಣ್ಣ ಜ್ವಾಲೆಗಳಲ್ಲಿ ಕೆಲವು ಅದರವೇ ಆಗಿರಬಹುದು. ಬೆಳಕು ಅತಿ ಕಡಿಮೆಯಿರುವ, ಅಂದರೆ ದೊಡ್ಡ ಕಲೆ ನಮ್ಮತ್ತ ಮುಖಮಾಡಿರುವ ಹೊತ್ತಿನಲ್ಲೇ ಜ್ವಾಲೆಗಳು ಹೆಚ್ಚಿರುತ್ತವೆಂದು ನಿರೀಕ್ಷಿಸಿದ್ದೆ. ನನ್ನ ಪಟ್ಟಿಯಲ್ಲಿ ಅಂಥ ಒಲವು ಕಾಣಲಿಲ್ಲ, ಅವು ಭ್ರಮಣದ ಎಲ್ಲ ಹಂತಗಳಲ್ಲೂ ಚದುರಿವೆ. ನಕ್ಷತ್ರ ಹೇಗೆ ತಿರುಗಿದರೂ ನಮಗೆ ಮರೆಯಾಗದ ಧ್ರುವದ ಬಳಿಯ ಕಲೆಗಳಿಂದ ಅವು ಸಿಡಿಯುತ್ತಿದ್ದರೆ ಹೀಗಾಗುವುದು ಸಹಜ.